ಮನೆಯಲ್ಲೇ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ) ಬದಲಿಸಬೇಕು (ಹೋಂಡಾ ಸಿಬಿಆರ್ 250ಆರ್ ಬೈಕ್), ಟೈಮಿಂಗ್ ಬಗ್ಗೆ ತಿಳಿದವರು ಹೇಳಿ

ಪೆರ್ಲ_ರೈಡರ್

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಸಿಬಿಆರ್ 250ಆರ್. ಮೂರು ವರ್ಷದ ಹಿಂದೆ ಮಂಗಳೂರಿನಿಂದ ಸೆಕೆಂಡ್‌ಹ್ಯಾಂಡ್ ತಂದದ್ದು, ಈಗ 61,000 ಕಿ.ಮೀ. ಆಗಿದೆ. ಎರಡು ತಿಂಗಳಿನಿಂದ ಹೆಡ್‌ನಲ್ಲಿ (ಎಂಜಿನ್‌ನ ಮೇಲ್ಭಾಗ) ಟಕಟಕ ಶಬ್ದ. ಮೊದಲು ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮಾತ್ರ ಇತ್ತು, ಈಗ ಎಂಜಿನ್ ಬಿಸಿಯಾದ ಮೇಲೂ ನಿಲ್ಲುವುದಿಲ್ಲ.

ಟ್ಯಾಪೆಟ್ (ವಾಲ್ವ್‌ನ ಅಂತರ) ಸಡಿಲ ಇರಬೇಕು ಅಂತ ಮೊನ್ನೆ ಭಾನುವಾರ ಟ್ಯಾಂಕ್ ಇಳಿಸಿ ಹೆಡ್ ಕವರ್ ಬಿಚ್ಚಿದೆ. ನೋಡಿದರೆ ಎಕ್ಸಾಸ್ಟ್ (ಹೊಗೆ ಹೊರಹೋಗುವ ಕಡೆಯ) ಕ್ಯಾಮ್‌ನ ಒಂದು ಲೋಬ್‌ನ (ವಾಲ್ವ್ ಒತ್ತುವ ಉಬ್ಬು) ತುದಿಯಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದೆ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಇಂಟೇಕ್‌ನಲ್ಲಿ ಗುಳಿ ಇಲ್ಲ, ಆದರೆ ಉದ್ದಕ್ಕೆ ಗೀರು ಉಂಟು. ಎರಡನ್ನೂ ಹೊಸದು ಹಾಕುವುದು ಅಂತ ತೀರ್ಮಾನ ಮಾಡಿ ಮಂಗಳೂರಿನಲ್ಲಿ ಆರ್ಡರ್ ಕೊಟ್ಟಿದ್ದೇನೆ.

ಕ್ಲಚ್ ಪ್ಲೇಟ್, ಚೈನ್ ಸ್ಪ್ರಾಕೆಟ್, ಫೋರ್ಕ್ ಆಯಿಲ್ ಸೀಲ್ ಎಲ್ಲ ನಾನೇ ಹಾಕಿದ್ದೇನೆ. ಟೈಮಿಂಗ್‌ಗೆ (ಕ್ರ್ಯಾಂಕ್‌ಗೆ ತಕ್ಕ ಹಾಗೆ ಕ್ಯಾಮ್ ಹೊಂದಿಸುವುದು) ಮಾತ್ರ ಇದುವರೆಗೆ ಕೈ ಹಾಕಿಲ್ಲ. ಕ್ಯಾಮ್ ತೆಗೆಯಲು ಎಂಜಿನ್ ಇಳಿಸಬೇಕಾ? ಕ್ಯಾಮ್ ತಿರುಗಿಸುವ ಚೈನ್ ಒಳಗೆ ಬಿದ್ದರೆ ಎಂತ ಮಾಡುವುದು? ಶಿಮ್ (ವಾಲ್ವ್ ಅಂತರ ಸರಿ ಮಾಡುವ ಸಣ್ಣ ಬಿಲ್ಲೆ) ಈಗಲೇ ತಂದಿಡಬೇಕಾ? ಕೆಲಸ ಮಾಡುವುದು ಅಂಗಳದ ಪಕ್ಕದ ಅಡಿಕೆ ಶೆಡ್‌ನಲ್ಲಿ. ಮಳೆ ಹಿಡಿಯುವ ಮೊದಲು ಮುಗಿಸಬೇಕು. ಈ ಬೈಕನ್ನು ನಾನೇ ಸರಿ ಮಾಡಬೇಕು ಅಂತ ತುಂಬಾ ಆಸೆ ಇದೆ, ದಯವಿಟ್ಟು ಹೇಳಿ.

ಕುಂಬಳೆ_ಸ್ಪ್ಯಾನರ್

ಖಂಡಿತ ಮಾಡಬಹುದು, ಎಂಜಿನ್ ಇಳಿಸುವುದು ಬೇಡ. ಆದರೆ ಆತುರ ಮಾಡಬೇಡಿ, ಎರಡು ದಿನ ಇಟ್ಟುಕೊಳ್ಳಿ.

ಹಳೆ ಕ್ಯಾಮ್ ಬಿಚ್ಚುವ ಮೊದಲೇ ಟೈಮಿಂಗ್ ಮಾರ್ಕ್ ಹೊಂದಿಸಿ. ಎಡಬದಿಯ ಕವರ್‌ನಲ್ಲಿರುವ ಎರಡು ಕ್ಯಾಪ್ ತೆಗೆದು, ಪ್ಲಗ್ ಬಿಚ್ಚಿಟ್ಟು, ಕ್ರ್ಯಾಂಕನ್ನು (ಪಿಸ್ಟನ್ ತಿರುಗಿಸುವ ದಂಡ) ಸಾಕೆಟ್ ಹಾಕಿ ಕೈಯಲ್ಲೇ ತಿರುಗಿಸಿ. ಎಡಗಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಬೇಕು. ಒಳಗೆ ಕಾಣುವ ಫ್ಲೈವೀಲ್‌ನ (ಕ್ರ್ಯಾಂಕ್ ಜೊತೆ ತಿರುಗುವ ಚಕ್ರ) ಟಿ ಗುರುತು ಕವರ್‌ನ ಗುರುತಿಗೆ ಸರಿಯಾಗಿ ನಿಂತಾಗ ಮೇಲೆ ಸ್ಪ್ರಾಕೆಟ್‌ಗಳ ಗೆರೆ ಹೆಡ್‌ನ ಮೇಲ್ಮೈಗೆ ಸಮವಾಗಿರಬೇಕು. ಕ್ರ್ಯಾಂಕ್ ಎರಡು ಸುತ್ತು ಹೋದಾಗ ಕ್ಯಾಮ್ ಹೋಗುವುದು ಒಂದೇ ಸುತ್ತು ಅಲ್ವಾ, ಹಾಗಾಗಿ ಟಿ ಗುರುತು ಸರಿ ಬಂದರೂ ಗೆರೆ ಹೊಂದದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಗೆರೆ ಹೊಂದಿದ ಮೇಲೆ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಳ್ಳಿ.

ಆಮೇಲೆ ಚೈನ್ ಟೆನ್ಷನರ್ (ಕ್ಯಾಮ್ ಚೈನನ್ನು ಬಿಗಿಯಾಗಿ ಇಡುವ ಭಾಗ). ಹಿಂದಿನ ಸಣ್ಣ ಬೋಲ್ಟ್ ತೆಗೆದು ಸ್ಟಾಪರ್ ಹಾಕಿ ತಿರುಗಿಸಿದರೆ ಅದು ಒಳಗೆ ಹೋಗಿ ನಿಲ್ಲುತ್ತದೆ. ಇದನ್ನು ಮಾಡದೆ ಟೆನ್ಷನರನ್ನೇ ಬಿಚ್ಚಿ, ವಾಪಸು ಹಾಗೆಯೇ ಕೂರಿಸಿ ಬಿಗಿದರೆ ಚೈನ್ ವಿಪರೀತ ಬಿಗಿಯಾಗುತ್ತದೆ. ತುಂಬ ಜನ ತಪ್ಪುವುದು ಇಲ್ಲೇ.

ಕ್ಯಾಮ್ ಹೋಲ್ಡರ್ ಬೋಲ್ಟ್‌ಗಳನ್ನು ಒಂದೇ ಸಲ ಸಡಿಲ ಮಾಡಬೇಡಿ. ಕೆಳಗಿಂದ ವಾಲ್ವ್ ಸ್ಪ್ರಿಂಗ್ ಒತ್ತುತ್ತಿರುತ್ತದೆ. ಅಡ್ಡಡ್ಡವಾಗಿ, ಎರಡು ಮೂರು ಸುತ್ತಿನಲ್ಲಿ, ಸ್ವಲ್ಪ ಸ್ವಲ್ಪವೇ ಬಿಡಿಸಿ. ಹೋಲ್ಡರ್ ಒಡೆದರೆ ಅದೊಂದನ್ನೇ ಬೇರೆ ತಂದು ಹಾಕುವ ಹಾಗಿಲ್ಲ, ಹೆಡ್ ಜೊತೆ ಸೇರಿಸಿಯೇ ಅದರ ತೂತು ಕೊರೆದಿರುತ್ತಾರೆ. ಚೈನ್ ಟನೆಲ್‌ಗೆ ಶುದ್ಧವಾದ ಹತ್ತಿ ಬಟ್ಟೆ ತುರುಕಿಡಿ. ಒಂದು ಡೊವೆಲ್ ಪಿನ್ ಒಳಗೆ ಬಿದ್ದರೆ ಅರ್ಧ ದಿನ ಹೋಯಿತು. ಚೈನಿಗೆ ಗಟ್ಟಿ ತಂತಿ ಕಟ್ಟಿ ಫ್ರೇಮಿಗೆ ಸಿಕ್ಕಿಸಿ. ಕ್ಯಾಮ್ ಹೊರಗಿರುವಾಗ ಕ್ರ್ಯಾಂಕ್ ಮುಟ್ಟಲೇಬೇಡಿ.

ದೊಡ್ಡ ಅರ್ಧ ಇಂಚಿನ ಟಾರ್ಕ್ ರೆಂಚ್ ಈ ಕೆಲಸಕ್ಕೆ ಆಗುವುದಿಲ್ಲ. ಇಂತಹ 6 ಮಿ.ಮೀ. ಬೋಲ್ಟ್‌ಗಳಿಗೆ 10-12 ನ್ಯೂಟನ್ ಮೀಟರ್ ಆಸುಪಾಸು ಸಾಕು, ಸರಿಯಾದ ಅಂಕಿ ಮ್ಯಾನುಯಲ್ ನೋಡಿಯೇ ಹಾಕಿ. ಕಾಲು ಇಂಚಿನ ಸಣ್ಣ ರೆಂಚ್ ಯಾರ ಬಳಿಯಾದರೂ ಕೇಳಿ ತನ್ನಿ. ಅಲ್ಯುಮಿನಿಯಂನ ಮರೆ (ಬೋಲ್ಟ್ ಕೂರುವ ಥ್ರೆಡ್) ಒಮ್ಮೆ ಕಿತ್ತು ಬಂದರೆ ಹೊಸ ಕ್ಯಾಮ್ ಇದ್ದೂ ಪ್ರಯೋಜನ ಇಲ್ಲ.

ಮುಳ್ಳೇರಿಯ_ಅಣ್ಣ

ಕುಂಬಳೆಯವರು ಹೇಳಿದ್ದಕ್ಕೆ ನನ್ನದೊಂದು ಅನುಭವ ಸೇರಿಸುತ್ತೇನೆ. ನನ್ನ ಹಳೆ 150 ಸಿಸಿ ಬೈಕಿನಲ್ಲಿ ಚೈನ್ ಎರಡು ಹಲ್ಲು ತಪ್ಪಿ ಕೂತಿತ್ತು. ಸಂಜೆ ಕತ್ತಲಾಗುತ್ತಿತ್ತು, ಬೇಗ ಮುಗಿಸುವ ಅಂತ ಕೈಯಲ್ಲಿ ತಿರುಗಿಸಿ ನೋಡದೆ ನೇರ ಸೆಲ್ಫ್ ಒತ್ತಿದೆ. ಟಕ್ ಅಂತ ಒಂದೇ ಶಬ್ದ. ವಾಲ್ವ್ ಬಾಗಿ ಹೋಗಿತ್ತು. ಹೆಡ್ ಬಿಚ್ಚಿ ವಾಲ್ವ್, ಗೈಡ್, ಗ್ಯಾಸ್ಕೆಟ್ ಎಲ್ಲ ಹಾಕಿಸಬೇಕಾಯಿತು.

ಲೆಕ್ಕ ಹಾಕಿ ನೋಡಿ. ಕ್ಯಾಮ್ ಸ್ಪ್ರಾಕೆಟ್‌ನಲ್ಲಿ 34 ಹಲ್ಲು ಇದೆ ಅಂತ ಇಟ್ಟುಕೊಂಡರೆ, ಒಂದು ಹಲ್ಲು ತಪ್ಪಿದರೆ ಕ್ರ್ಯಾಂಕಿನಲ್ಲಿ ಸುಮಾರು 21 ಡಿಗ್ರಿ ವ್ಯತ್ಯಾಸ. ಸಣ್ಣ ಮಾತಲ್ಲ. ಆದ್ದರಿಂದ ಜೋಡಿಸಿ ಆದ ಮೇಲೆ ಟೆನ್ಷನರ್‌ನ ಸ್ಟಾಪರ್ ತೆಗೆದು ಚೈನ್ ಬಿಗಿಯಾಗಲು ಬಿಟ್ಟು, ಕ್ರ್ಯಾಂಕನ್ನು ಕೈಯಲ್ಲಿ ಎರಡು ಪೂರ್ತಿ ಸುತ್ತು ನಿಧಾನಕ್ಕೆ ತಿರುಗಿಸಿ, ಮತ್ತೆ ಗುರುತು ನೋಡಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ, ಒತ್ತಬೇಡಿ. ಮತ್ತೆ ಕಾಸರಗೋಡಿನ ಈ ಗಾಳಿಯಲ್ಲಿ ಹೊಸ ಕ್ಯಾಮ್ ಪ್ಯಾಕೆಟ್‌ನಿಂದ ತೆಗೆದು ಹಾಗೇ ಇಡಬೇಡಿ, ರಾತ್ರಿ ಬೆಳಗಾಗುವುದರೊಳಗೆ ತುಕ್ಕಿನ ಕಲೆ ಬರುತ್ತದೆ. ಎಣ್ಣೆ ಸವರಿ ಇಡಿ.

ಬಂದ್ಯೋಡು_250

ಹೊಸ ಕ್ಯಾಮ್ ದುಬಾರಿ. ಹಳೆಯದಕ್ಕೆ ವೆಲ್ಡಿಂಗ್ ತುಂಬಿಸಿ ಗ್ರೈಂಡ್ ಮಾಡಿ ಕೊಡುತ್ತಾರಲ್ಲ, ಅದು ಆಗುವುದಿಲ್ವಾ?

ಬದಿಯಡ್ಕ_ಲೇತ್

ನಾನು ಇಪ್ಪತ್ತು ವರ್ಷದಿಂದ ಲೇತ್ ಕೆಲಸದಲ್ಲಿ ಇರುವವ. ಬಂದ್ಯೋಡಿನವರೇ, ಹಳೆ ಡೀಸೆಲ್ ಪಂಪ್‌ಸೆಟ್‌ಗೆ ಆದರೆ ಸರಿ. ಇದು ಹತ್ತು ಸಾವಿರ ಆರ್‌ಪಿಎಂವರೆಗೂ ತಿರುಗುವ ಎಂಜಿನ್, ಲೋಬ್‌ನ ಆಕಾರ ಕೂದಲೆಳೆಯಷ್ಟು ತಪ್ಪಿದರೂ ವಾಲ್ವ್ ಕುಟ್ಟುತ್ತದೆ, ಗಡಸುತನವೂ ಮೊದಲಿನ ಹಾಗೆ ಬರುವುದಿಲ್ಲ. ನಾನೇ ಆ ಕೆಲಸ ಒಪ್ಪಿಕೊಳ್ಳುವುದಿಲ್ಲ.

ಪೆರ್ಲದವರೇ, ಎಲ್ಲರೂ ಕ್ಯಾಮ್ ಹಾಕುವುದು ಹೇಗೆ ಅಂತ ಹೇಳಿದರು. ನಾನು ಕೇಳುವುದು, ಹಳೆಯದು ಯಾಕೆ ಹಾಳಾಯಿತು? ಲೋಬ್ ಸುಮ್ನೆ ಗುಳಿ ಬೀಳುವುದಿಲ್ಲ. ಒಂದೋ ಎಣ್ಣೆ ಕಡಿಮೆಯಾಗಿ ಓಡಿದೆ, ಇಲ್ಲ ಎಣ್ಣೆ ಬದಲಿಸದೆ ಓಡಿಸಿದ್ದಾರೆ, ಇಲ್ಲ ಹೆಡ್‌ಗೆ ಎಣ್ಣೆ ಹೋಗುವ ದಾರಿ ಕಟ್ಟಿದೆ. ಅದನ್ನು ಸರಿ ಮಾಡದೆ ಹೊಸ ಕ್ಯಾಮ್ ಹಾಕಿದರೆ ಆರು ತಿಂಗಳಲ್ಲಿ ಅದಕ್ಕೂ ಅದೇ ಗತಿ. ಎಣ್ಣೆ ಇಳಿಸಿ, ಸ್ಟ್ರೈನರ್ (ಎಣ್ಣೆ ಸೋಸುವ ಜಾಲರಿ) ತೆಗೆದು ನೋಡಿ. ಹೊಳೆಯುವ ಪುಡಿ ಇದೆಯಾ? ಹೋಲ್ಡರ್‌ನ ಎಣ್ಣೆ ತೂತುಗಳಿಗೆ ಗಾಳಿ ಊದಿ.

ಇನ್ನೊಂದು ವಿಷಯ. ಈ ಎಂಜಿನ್‌ನಲ್ಲಿ ಲೋಬ್ ಮೇಲೆ ಕೂರುವುದು ರೋಲರ್ ಇರುವ ರಾಕರ್ ಆರ್ಮ್ (ಲೋಬ್‌ನ ಒತ್ತನ್ನು ವಾಲ್ವ್‌ಗೆ ದಾಟಿಸುವ ತುಂಡು). ಗುಳಿ ಬಿದ್ದ ಲೋಬ್‌ನ ರೋಲರನ್ನು ಬೆರಳಲ್ಲಿ ತಿರುಗಿಸಿ ನೋಡಿ. ಬೆಣ್ಣೆಯ ಹಾಗೆ ತಿರುಗಬೇಕು. ಗರಗರ ಅಂದರೆ, ಇಲ್ಲ ಒಂದು ಕಡೆ ನಿಂತರೆ, ಅದನ್ನೂ ಬದಲಿಸಿ. ಹಾಳಾದ ರೋಲರ್ ಹೊಸ ಲೋಬನ್ನು ತಿಂದು ಹಾಕುತ್ತದೆ.

ಶಿಮ್ ಈಗಲೇ ತರಬೇಡಿ. ಹೊಸ ಕ್ಯಾಮ್ ಕೂರಿಸಿ ಅಳೆದ ಮೇಲೆಯೇ ಯಾವುದು ಬೇಕು ಅಂತ ಗೊತ್ತಾಗುವುದು. ವಾಲ್ವ್‌ಗೆ ಇರಬೇಕಾದ ಅಂತರ ಇಂಟೇಕ್ 0.16, ಎಕ್ಸಾಸ್ಟ್ 0.27 ಮಿ.ಮೀ., ಎರಡಕ್ಕೂ 0.03 ಹೆಚ್ಚು ಕಡಿಮೆ ನಡೆಯುತ್ತದೆ. ಎಂಜಿನ್ ಪೂರ್ತಿ ತಣ್ಣಗಿರಬೇಕು, ನಮ್ಮ ಮೇ ತಿಂಗಳ ಮಧ್ಯಾಹ್ನ ಅಳೆಯಬೇಡಿ, ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಆರಕ್ಕೆ ಅಳೆಯಿರಿ. ಅಳೆದದ್ದರಿಂದ ಇರಬೇಕಾದದ್ದನ್ನು ಕಳೆದು ಹಳೆ ಶಿಮ್‌ನ ದಪ್ಪಕ್ಕೆ ಕೂಡಿಸಿ. ಇಂಟೇಕ್ 0.22 ಬಂದು ಹಳೆ ಶಿಮ್ 1.800 ಇದ್ದರೆ ಬೇಕಾದದ್ದು 1.86. ಅಂಗಡಿಯಲ್ಲಿ ಸಿಗುವುದು 0.025ರ ಅಂತರದಲ್ಲಿ, ಆಗ 1.850 ತನ್ನಿ. ಓಡಿದ ಹಾಗೆ ವಾಲ್ವ್ ಅಂತರ ಸಾಮಾನ್ಯವಾಗಿ ಕಡಿಮೆಯಾಗುತ್ತಾ ಬರುತ್ತದೆ, ಸ್ವಲ್ಪ ಸಡಿಲ ಕಡೆ ಇದ್ದರೆ ಒಳ್ಳೆಯದು. ಶಿಮ್ ಬದಲಿಸಲು ಮತ್ತೆ ಕ್ಯಾಮ್ ತೆಗೆಯುವುದು ಬೇಡ, ರಾಕರ್ ಆರ್ಮ್ ಪಕ್ಕಕ್ಕೆ ಸರಿಸಿದರೆ ಆಯಿತು, ಮ್ಯಾಗ್ನೆಟ್ ಹಾಕಿ ಎತ್ತಿ.

ಪೆರ್ಲ_ರೈಡರ್

ಬದಿಯಡ್ಕ ಅಣ್ಣಾ, ನೀವು ಕೇಳಿದ್ದು ಸರಿಯಾಗಿ ತಾಗಿತು. ಕಳೆದ ಡಿಸೆಂಬರಿನಲ್ಲಿ ಮಡಿಕೇರಿಗೆ ಹೋಗಿ ಬಂದು ನೋಡಿದಾಗ ಎಣ್ಣೆ ಕೆಳಗಿನ ಗೆರೆಗಿಂತಲೂ ಕೆಳಗಿತ್ತು. ಹೊಸ ಎಣ್ಣೆ ತುಂಬಿಸಿ ಸುಮ್ಮನಾಗಿದ್ದೆ. ಅಷ್ಟು ದೂರ ಹಾಗೆಯೇ ಘಾಟಿ ಹತ್ತಿಸಿದ್ದೇನೆ ಅಂತ ಈಗ ಬೇಸರವಾಗುತ್ತದೆ.

ಇವತ್ತು ಸ್ಟ್ರೈನರ್ ತೆಗೆದೆ. ಬೆರಳಿಗೆ ಸವರಿ ಬಿಸಿಲಿಗೆ ಹಿಡಿದರೆ ಬೆಳ್ಳಿ ಬಣ್ಣದ ನಯವಾದ ಪುಡಿ. ಎಕ್ಸಾಸ್ಟ್‌ನ ಒಂದು ರೋಲರ್ ಗರಗರ ಅನ್ನುತ್ತದೆ, ಉಳಿದವು ಚೆನ್ನಾಗಿವೆ. ಆ ರಾಕರ್ ಆರ್ಮ್‌ಗೂ ಹೇಳಿದ್ದೇನೆ. ಲೋಬ್‌ಗೆ ಹಚ್ಚಲು ಎಂಜಿನ್ ಆಯಿಲ್ ಸಾಕಾ?

ಕುಂಬಳೆ_ಸ್ಪ್ಯಾನರ್

ಬರೀ ಆಯಿಲ್ ಬೇಡ. ಮಾಲಿಬ್ಡಿನಂ ಗ್ರೀಸ್ ಅರ್ಧ, ಎಂಜಿನ್ ಆಯಿಲ್ ಅರ್ಧ ಕಲಸಿ ಲೋಬ್‌ಗೂ ಜರ್ನಲ್‌ಗೂ (ಕ್ಯಾಮ್ ಕೂತು ತಿರುಗುವ ಭಾಗ) ಹಚ್ಚಿ. ಎಲ್ಲ ಜೋಡಿಸಿ ಕೈಯಲ್ಲಿ ಎರಡು ಸುತ್ತು ನೋಡಿದ ಮೇಲೆ, ಪ್ಲಗ್ ಹೊರಗಿಟ್ಟು, ಕಾಯಿಲ್‌ನ ಕನೆಕ್ಟರ್ ಬಿಡಿಸಿ, ಐದೈದು ಸೆಕೆಂಡಿನ ಹಾಗೆ ಮೂರು ಸಲ ಸೆಲ್ಫ್ ಹೊಡೆಯಿರಿ. ಎಣ್ಣೆ ಮೇಲೆ ಬರಲಿ. 300 ಕಿ.ಮೀ. ಆದ ಮೇಲೆ ಎಣ್ಣೆ, ಫಿಲ್ಟರ್ ಎರಡೂ ಬದಲಿಸಿ, ಪುಡಿ ಇನ್ನೂ ಇದೆಯಾ ನೋಡಿ.

ಪೆರ್ಲ_ರೈಡರ್ (ಹತ್ತು ದಿನದ ನಂತರ)

ಆಯಿತು! ಇಂಟೇಕ್ ಎರಡೂ ಸರಿಯಾಗಿಯೇ ಬಂತು. ಎಕ್ಸಾಸ್ಟ್‌ನಲ್ಲಿ ಒಂದು 0.35 ತೋರಿಸಿತು, ಹಳೆ ಶಿಮ್ 1.750, ಹಾಗಾಗಿ 1.825 ತರಿಸಿದೆ. ಈಗ 0.27 ಬ್ಲೇಡ್ (ಅಂತರ ಅಳೆಯುವ ತೆಳು ಪಟ್ಟಿ) ಸಣ್ಣ ಹಿಡಿತದಲ್ಲಿ ಹೋಗುತ್ತದೆ. ಮೊದಲ ಸಲ ಚೈನ್ ಕೂರಿಸಿದಾಗ ಎಕ್ಸಾಸ್ಟ್ ಗೆರೆ ಒಂದು ಹಲ್ಲು ಮೇಲೆ ನಿಂತಿತ್ತು. ಮುಳ್ಳೇರಿಯ ಅಣ್ಣನ ಮಾತು ನೆನಪಾಗಿ ಕೈಯಲ್ಲೇ ತಿರುಗಿಸಿ ನೋಡಿದ್ದಕ್ಕೆ ಗೊತ್ತಾಯಿತು. ಬಿಚ್ಚಿ ಮತ್ತೆ ಹಾಕಿದೆ.

ನಿನ್ನೆ ಬೆಳಿಗ್ಗೆ ಸ್ಟಾರ್ಟ್ ಮಾಡಿದೆ. ಅಪ್ಪ ಅಡಿಕೆ ಸುಲಿಯುತ್ತಿದ್ದವರು ಎದ್ದು ಬಂದು ಶೆಡ್ ಬಾಗಿಲಲ್ಲಿ ನಿಂತು ಕೇಳಿ, "ಈಗ ಶಬ್ದ ಇಲ್ಲವಲ್ಲ" ಅಂದರು. ಬದಿಯಡ್ಕದವರೆಗೆ ನಿಧಾನಕ್ಕೆ ಹೋಗಿ ಬಂದೆ. 300 ಕಿ.ಮೀ. ಆದ ಮೇಲೆ ಎಣ್ಣೆ ಇಳಿಸಿ ಫೋಟೊ ಹಾಕುತ್ತೇನೆ.