ಸಾಹಿತ್ಯ ಪತ್ರಿಕೆಯ ಜಾಲತಾಣಕ್ಕೆ ಉಚಿತ ಥೀಮ್ ಆರಿಸುವುದು ಹೇಗೆ? ಬಳಸಿದವರ ಅನುಭವಗಳು

ಪ್ರಶ್ನೆ: ತ್ರೈಮಾಸಿಕವೊಂದರ ಸಂಪಾದಕರಿಂದ

ಎಲ್ಲರಿಗೂ ನಮಸ್ಕಾರ. ಕಥೆ, ಕವಿತೆ, ಪುಸ್ತಕ ವಿಮರ್ಶೆಗಳಿರುವ ತ್ರೈಮಾಸಿಕವೊಂದನ್ನು ನಾವು ಕೆಲವು ಗೆಳೆಯರು ಸೇರಿ ನಡೆಸುತ್ತಿದ್ದೇವೆ. ಮುದ್ರಣ ಮತ್ತು ಅಂಚೆಯ ಖರ್ಚು ಕೈಮೀರುತ್ತಿರುವುದರಿಂದ ಇನ್ನು ಮುಂದೆ ಸಂಚಿಕೆಗಳನ್ನು ಜಾಲತಾಣದಲ್ಲಿಯೂ ಪ್ರಕಟಿಸಬೇಕೆಂದಿದ್ದೇವೆ. ಡೊಮೇನ್ ಮತ್ತು ಹೋಸ್ಟಿಂಗ್‌ಗೆ ಹಣ ಕಟ್ಟಿದ್ದೇವೆ, ತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಕೂಡ ಹಾಕಿಸಿದ್ದೇವೆ. ತಾಣದ ರೂಪ, ಜೋಡಣೆಗಳನ್ನು ನಿರ್ಧರಿಸುವ ಥೀಮ್‌ಗೆಂದು ಬೇರೆ ಹಣ ಹಾಕುವ ಶಕ್ತಿ ನಮಗಿಲ್ಲ. ಉಚಿತ ಥೀಮ್‌ಗಳು ಸಾವಿರಗಟ್ಟಲೆ ಇವೆ, ಚಿತ್ರದಲ್ಲಿ ನೋಡಿದರೆ ಎಲ್ಲವೂ ಸೊಗಸಾಗಿಯೇ ಕಾಣುತ್ತವೆ. ಏನನ್ನು ನೋಡಿ ಆರಿಸಬೇಕು, ಏನಿದ್ದರೆ ದೂರವಿಡಬೇಕು ಎಂಬುದನ್ನು ಬಳಸಿ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಜಾಲತಾಣ ವಿನ್ಯಾಸದ ವೃತ್ತಿಯಲ್ಲಿರುವವರಿಂದ, ಬೆಂಗಳೂರು

ತಯಾರಕರು ಮಾದರಿಗೆಂದು ತೋರಿಸುವ ಡೆಮೊ ಪುಟವನ್ನು ನೋಡಿ ಥೀಮ್ ಆರಿಸಬೇಡಿ, ನಿಮ್ಮದೇ ಪತ್ರಿಕೆಯ ಬರಹಗಳನ್ನು ಅದರೊಳಗೆ ಹಾಕಿ ನೋಡಿ ಆರಿಸಿ. ಉಳಿದ ಸಲಹೆಗಳೆಲ್ಲ ಇದರ ನಂತರ ಬರುವಂಥವು. ಡೆಮೊ ಪುಟದಲ್ಲಿ ಇಂಗ್ಲಿಷಿನ ಮೂರು ನಾಲ್ಕು ಪದಗಳ ತಲೆಬರಹಗಳೂ ಅಗಲವಾದ ಸುಂದರ ಛಾಯಾಚಿತ್ರಗಳೂ ಇರುತ್ತವೆ. ನಿಮ್ಮಲ್ಲಿರುವುದು ಕನ್ನಡದ ಉದ್ದುದ್ದ ಪದಗಳು, ಮತ್ತು ಬಹುಪಾಲು ಚಿತ್ರವೇ ಇಲ್ಲದ ಬರಹಗಳು. ಚಿತ್ರವಿಲ್ಲದ ಕಡೆ ಥೀಮ್ ಬೂದು ಬಣ್ಣದ ಖಾಲಿ ಚೌಕವನ್ನು ಬಿಡುತ್ತದೆಯೋ ಅಥವಾ ಬರಹವನ್ನೇ ಮೇಲಕ್ಕೆ ಸರಿಸಿ ಅಂದವಾಗಿ ಕೂರಿಸುತ್ತದೆಯೋ ಎಂಬುದು ಡೆಮೊದಲ್ಲಿ ಎಂದೂ ತಿಳಿಯುವುದಿಲ್ಲ.

ನಾನು ಪ್ರತಿ ಥೀಮ್‌ನಲ್ಲಿಯೂ ಮೊದಲು ಹಾಕಿ ನೋಡುವ ತಲೆಬರಹ ಒಂದಿದೆ: ‘ಸ್ವಾತಂತ್ರ್ಯೋತ್ತರ ಕನ್ನಡ ಕಾವ್ಯದಲ್ಲಿ ಸ್ತ್ರೀಪ್ರಜ್ಞೆ’. ಇದು ಮೊಬೈಲ್ ಪರದೆಯಲ್ಲಿ ಎರಡು ಅಥವಾ ಮೂರು ಸಾಲಾಗಿ ಒಡೆಯುತ್ತದೆ. ಲ್ಯಾಟಿನ್ ಲಿಪಿಗೆಂದು ಮಾಡಿದ ಅನೇಕ ಥೀಮ್‌ಗಳಲ್ಲಿ ತಲೆಬರಹದ ಸಾಲಿನ ಎತ್ತರ ಅಕ್ಷರದ ಗಾತ್ರದ 1.1 ಅಥವಾ 1.2 ಪಟ್ಟಿನಷ್ಟೇ ಇರುತ್ತದೆ. ಆಗ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಾಕ್ಷರಗಳಿಗೆ ತಾಗುತ್ತವೆ. ತಲೆಬರಹವನ್ನು ನಿಗದಿತ ಎತ್ತರದ ಪೆಟ್ಟಿಗೆಯೊಳಗೆ ಇಟ್ಟು, ಹೊರಚಾಚಿದ್ದನ್ನು ಮರೆಮಾಡುವ ಥೀಮ್ ಆದರಂತೂ ಕೊನೆಯ ಸಾಲಿನ ಒತ್ತಕ್ಷರದ ಕೆಳಭಾಗ ಕತ್ತರಿಸಿಯೇ ಹೋಗುತ್ತದೆ. ಸಾಲಿನ ಎತ್ತರವನ್ನು ತಲೆಬರಹಕ್ಕೆ 1.4ರಷ್ಟು, ಒಳಬರಹಕ್ಕೆ 1.7 ಅಥವಾ 1.8ರಷ್ಟು ಮಾಡಿಕೊಳ್ಳಲು ಥೀಮ್‌ನ ಸೆಟ್ಟಿಂಗ್‌ನಲ್ಲೇ ಅವಕಾಶವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ‘ಹೆಚ್ಚುವರಿ ಸಿಎಸ್‌ಎಸ್’ ಎಂಬಲ್ಲಿ ರೂಪವನ್ನು ತಿದ್ದುವ ಸಂಕೇತಗಳನ್ನು ಬರೆಯಬೇಕಾಗುತ್ತದೆ. ನಿಮ್ಮ ಬಳಗದಲ್ಲಿ ಅದನ್ನು ಬರೆಯಬಲ್ಲವರಿದ್ದಾರೆಯೇ ನೋಡಿಕೊಳ್ಳಿ.

ಅದೇ ತಲೆಬರಹದ ಮೊದಲ ಪದವನ್ನು ಬರಹದ ಮೊದಲ ಪದವಾಗಿಯೂ ಇಟ್ಟು ನೋಡಿ. ಪತ್ರಿಕೆಯ ಶೈಲಿಯ ಥೀಮ್‌ಗಳಲ್ಲಿ ಮೊದಲ ಅಕ್ಷರವನ್ನು ಮೂರು ಸಾಲಿನಷ್ಟು ದೊಡ್ಡದಾಗಿ ತೋರಿಸುವ ರೂಢಿಯಿದೆ. ಇಂಗ್ಲಿಷಿನಲ್ಲಿ ಅದು ಚೆಂದ. ಕನ್ನಡದಲ್ಲಿ ‘ಸ್ವಾ’ ಎಂಬುದು ಕೆಲವು ಬ್ರೌಸರ್‌ಗಳಲ್ಲಿ ಎರಡು ತುಂಡಾಗಿ, ‘ಸ್’ ಮಾತ್ರ ದೊಡ್ಡದಾಗಿಯೂ ‘ವಾ’ ಪಕ್ಕದಲ್ಲಿ ಚಿಕ್ಕದಾಗಿಯೂ ಬರುತ್ತದೆ. ಇದನ್ನು ನಿಲ್ಲಿಸುವ ಗುಂಡಿಯಿಲ್ಲದ ಥೀಮ್ ನಿಮಗೆ ಬೇಡ. ಅಕ್ಷರಗಳ ನಡುವೆ ಹೆಚ್ಚಿನ ಅಂತರ ಕೊಡುವ ಥೀಮ್‌ಗಳದೂ ಇದೇ ಕಥೆ: ಮೆನುವಿನಲ್ಲಿರುವ ಕನ್ನಡ ಪದಗಳು ಚೆದುರಿ ಬಿದ್ದಂತೆ ಕಾಣುತ್ತವೆ.

ಇನ್ನು ಕವಿತೆ. ವರ್ಡ್‌ಪ್ರೆಸ್‌ನಲ್ಲಿ ಬರಹವನ್ನು ಬ್ಲಾಕ್ ಎಂಬ ತುಣುಕುಗಳಲ್ಲಿ ಜೋಡಿಸುತ್ತೇವೆ; ಪದ್ಯಕ್ಕೆಂದೇ ಒಂದು ಬ್ಲಾಕ್ ಇದೆ. ಸಾಲುಗಳನ್ನೂ ಸಾಲಿನ ಆರಂಭದ ಖಾಲಿ ಜಾಗವನ್ನೂ ಅದು ಹಾಗೆಯೇ ಉಳಿಸುತ್ತದೆ. ಆದರೆ ಕೆಲವು ಥೀಮ್‌ಗಳು ಆ ಬ್ಲಾಕನ್ನು ಕಂಪ್ಯೂಟರ್ ಪ್ರೋಗ್ರಾಂ ತೋರಿಸುವ ರೀತಿಯಲ್ಲಿ, ಬೂದು ಹಿನ್ನೆಲೆಯ ಮೇಲೆ, ಟೈಪ್‌ರೈಟರ್ ಮಾದರಿಯ ಚಿಕ್ಕ ಅಕ್ಷರದಲ್ಲಿ ತೋರಿಸುತ್ತವೆ. ಕವಿತೆಗಳೇ ಹೆಚ್ಚಾಗಿರುವ ಪತ್ರಿಕೆಗೆ ಇದು ಸಣ್ಣ ವಿಷಯವಲ್ಲ. ಉದ್ದ ಸಾಲಿನ ಒಂದು ಕವಿತೆಯನ್ನು ಹಾಕಿ ಮೊಬೈಲ್‌ನಲ್ಲಿ ತಪ್ಪದೆ ನೋಡಿ.

ಮುಖಪುಟದಲ್ಲಿ ಬರಹಗಳನ್ನು ಮೂರು ಕಂಬಸಾಲುಗಳಲ್ಲಿ ಕಾರ್ಡುಗಳಂತೆ ಜೋಡಿಸುವ ಥೀಮ್‌ಗಳು ಈಗ ಬಹಳ ಇವೆ. ವರ್ಡ್‌ಪ್ರೆಸ್ ತಾನೇ ತೆಗೆದುಕೊಡುವ ಆಯ್ದ ಭಾಗ ಸಾಮಾನ್ಯವಾಗಿ 55 ಪದಗಳದು; ಕನ್ನಡದ 55 ಪದಗಳು ಇಂಗ್ಲಿಷಿನ 55 ಪದಗಳಿಗಿಂತ ಬಹಳ ಹೆಚ್ಚು ಜಾಗ ಹಿಡಿಯುತ್ತವೆ. ಹಾಗಾಗಿ ಕಾರ್ಡುಗಳು ಉದ್ದವಾಗಿ ಜೋತುಬೀಳುತ್ತವೆ, ‘ಮಾಡಿಕೊಳ್ಳಬೇಕಾಗಿರುವುದರಿಂದ’ ಎಂಬಂಥ ಪದ ಕಂಬಸಾಲಿನ ಅಂಚನ್ನು ದಾಟಿ ಹೊರಬರುವುದೂ ಉಂಟು. ನನ್ನ ಅಭಿಪ್ರಾಯದಲ್ಲಿ ಸಾಹಿತ್ಯ ಪತ್ರಿಕೆಗೆ ಒಂದೇ ಕಂಬಸಾಲಿನ, ತಲೆಬರಹವೂ ಲೇಖಕರ ಹೆಸರೂ ಎರಡು ಸಾಲಿನ ಪರಿಚಯವೂ ಇರುವ ಸರಳ ಪಟ್ಟಿಯೇ ಸಾಕು. ಓದುಗರು ಬರುವುದು ಓದುವುದಕ್ಕೆ.

ಇದನ್ನೆಲ್ಲ ಪರೀಕ್ಷಿಸಲು ನಿಮ್ಮ ತಾಣವನ್ನು ಮುಟ್ಟಬೇಕಾಗಿಲ್ಲ. ವರ್ಡ್‌ಪ್ರೆಸ್‌ನವರೇ ಒದಗಿಸಿರುವ ‘ಪ್ಲೇಗ್ರೌಂಡ್’ ಎಂಬ ಸೌಲಭ್ಯದಲ್ಲಿ ಬ್ರೌಸರ್‌ನೊಳಗೇ ತಾತ್ಕಾಲಿಕ ತಾಣವೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ಒಂದು ಕಥೆ, ಒಂದು ಕವಿತೆ, ಅಡಿಟಿಪ್ಪಣಿಗಳಿರುವ ಒಂದು ವಿಮರ್ಶೆ ಹಾಕಿ, ಥೀಮ್‌ಗಳನ್ನು ಒಂದಾದ ಮೇಲೊಂದರಂತೆ ಬದಲಿಸುತ್ತಾ ಹೋಗಿ. ಅರ್ಧಕ್ಕಿಂತ ಹೆಚ್ಚಿನವು ಆ ವಿಮರ್ಶೆಯ ತಲೆಬರಹದಲ್ಲಿಯೇ ಸೋಲುತ್ತವೆ.

ಉತ್ತರ: ಕಾಲೇಜೊಂದರ ಜಾಲತಾಣವನ್ನು ನೋಡಿಕೊಳ್ಳುವ ಅಧ್ಯಾಪಕಿಯಿಂದ, ಮೈಸೂರು

ಮೇಲಿನವರು ರೂಪದ ಬಗ್ಗೆ ಹೇಳಿದ್ದಾರೆ; ಥೀಮನ್ನು ಎಲ್ಲಿಂದ ತರುತ್ತೀರಿ ಎಂಬುದು ನನ್ನ ದೃಷ್ಟಿಯಲ್ಲಿ ಅದಕ್ಕೂ ಮುಂಚಿನ ಪ್ರಶ್ನೆ. ವರ್ಡ್‌ಪ್ರೆಸ್‌ನ ಅಧಿಕೃತ ಥೀಮ್ ಸಂಗ್ರಹದಿಂದ ಹೊರಗೆ ಹೋಗಬೇಡಿ. ಅಲ್ಲಿಗೆ ಸೇರುವ ಥೀಮ್‌ಗಳನ್ನು ಪರಿಶೀಲಿಸಿಯೇ ಒಳಗೆ ಬಿಡುತ್ತಾರೆ, ಅವೆಲ್ಲ ಜಿಪಿಎಲ್‌ಗೆ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ಪರವಾನಗಿ) ಹೊಂದುವ ಪರವಾನಗಿಯಲ್ಲಿರಬೇಕೆಂಬ ನಿಯಮವಿದೆ, ಮತ್ತು ಹೊಸ ಆವೃತ್ತಿ ಬಂದಾಗ ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲಿಯೇ ಸೂಚನೆ ಬರುತ್ತದೆ. ಹಣ ಕೊಟ್ಟು ಕೊಳ್ಳಬೇಕಾದ ಥೀಮನ್ನು ‘ಉಚಿತವಾಗಿ’ ಹಂಚುವ ತಾಣಗಳೂ ಇವೆ. ಅಂಥ ಕಡೆಯಿಂದ ತಂದ ಒಂದು ಥೀಮನ್ನು ನಮ್ಮ ವಿಭಾಗದ ವಿದ್ಯಾರ್ಥಿಯೊಬ್ಬ ತನ್ನ ಪ್ರಾಜೆಕ್ಟ್‌ಗೆ ಬಳಸಿದ್ದ. ಫೈಲ್‌ಗಳನ್ನು ತೆರೆದು ನೋಡಿದರೆ ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸರಣಿಯೊಂದು ಪುಟದ ಅಡಿಭಾಗವಾದ ಫುಟರ್‌ನಲ್ಲಿ ಅಡಗಿತ್ತು. ಅದನ್ನು ಬಿಡಿಸಿದಾಗ ಸಿಕ್ಕಿದ್ದು ಜೂಜಿನ ತಾಣಗಳ ಕೊಂಡಿಗಳು. ಓದುಗರ ಕಣ್ಣಿಗೆ ಕಾಣದ ಅವು ಸರ್ಚ್ ಎಂಜಿನ್‌ಗಳಿಗೆ ಮಾತ್ರ ಕಾಣುವಂತಿದ್ದವು.

ಅಧಿಕೃತ ಸಂಗ್ರಹದಲ್ಲಿಯೂ ಪ್ರತಿ ಥೀಮ್‌ನ ಪುಟದಲ್ಲಿ ‘ಕೊನೆಯ ಅಪ್‌ಡೇಟ್’ ದಿನಾಂಕವನ್ನೂ, ಎಷ್ಟು ತಾಣಗಳಲ್ಲಿ ಬಳಕೆಯಲ್ಲಿದೆ ಎಂಬುದನ್ನೂ, ಸಹಾಯ ವಿಭಾಗದಲ್ಲಿ ಜನ ಕೇಳಿದ ಪ್ರಶ್ನೆಗಳಿಗೆ ತಯಾರಕರು ಉತ್ತರಿಸುತ್ತಿದ್ದಾರೆಯೇ ಎಂಬುದನ್ನೂ ನೋಡಿ. ನಕ್ಷತ್ರಗಳ ಎಣಿಕೆಗಿಂತ ಈ ಕೊನೆಯದು ನಂಬಲರ್ಹ. ಎರಡು ವರ್ಷಗಳಿಂದ ಅಪ್‌ಡೇಟ್ ಕಾಣದ ಥೀಮ್‌ಗಳು ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಇದು ಅತಿ ಎಚ್ಚರಿಕೆ ಎನಿಸಬಹುದು. 2011ರಲ್ಲಿ ‘ಟಿಮ್‌ಥಂಬ್’ ಎಂಬ, ಚಿತ್ರಗಳ ಗಾತ್ರ ಕುಗ್ಗಿಸುವ ಪುಟ್ಟ ಸ್ಕ್ರಿಪ್ಟ್‌ನಲ್ಲಿ ದೋಷ ಪತ್ತೆಯಾದಾಗ, ಅದನ್ನು ಒಳಗಿಟ್ಟುಕೊಂಡಿದ್ದ ಥೀಮ್‌ಗಳ ಮೂಲಕ ದೊಡ್ಡ ಸಂಖ್ಯೆಯ ತಾಣಗಳಿಗೆ ಕನ್ನ ಬಿತ್ತು. ತಮ್ಮ ಥೀಮ್‌ನೊಳಗೆ ಅಂಥದ್ದೊಂದು ಇದೆಯೆಂಬುದೇ ಹಲವರಿಗೆ ತಿಳಿದಿರಲಿಲ್ಲ. ತಯಾರಕರು ಕೈಬಿಟ್ಟ ಥೀಮ್‌ಗಳನ್ನು ಬಳಸುತ್ತಿದ್ದವರಿಗೆ ದುರಸ್ತಿಯೂ ಬರಲಿಲ್ಲ.

ಉತ್ತರ: ಓದುಗರೊಬ್ಬರಿಂದ, ಟೆಕ್ಸಾಸ್

ನಾನು ತಂತ್ರಜ್ಞನಲ್ಲ, ಕನ್ನಡದ ಜಾಲಪತ್ರಿಕೆಗಳನ್ನು ದಿನವೂ ಓದುವವನು. ವಯಸ್ಸು ಎಪ್ಪತ್ತು ದಾಟಿದೆ. ಬಿಳಿಯ ಮೇಲೆ ತೆಳು ಬೂದು ಅಕ್ಷರ ಇಡುವ ಥೀಮ್‌ಗಳನ್ನು ದಯವಿಟ್ಟು ಆರಿಸಬೇಡಿ. ಜಾಲತಾಣಗಳ ಸುಗಮತೆಗೆಂದು ಇರುವ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರ ಹೊಳಪಿನ ವ್ಯತ್ಯಾಸ ಇರಬೇಕೆಂದು ಹೇಳಿದೆಯೆಂದು ಮಗಳು ತೋರಿಸಿದಳು. ಥೀಮ್ ಸಂಗ್ರಹದಲ್ಲಿ ಸುಗಮತೆಯ ಪರೀಕ್ಷೆ ದಾಟಿದವನ್ನು ಮಾತ್ರ ಸೋಸಿ ನೋಡುವ ಅವಕಾಶವೂ ಇದೆಯಂತೆ. ಅಕ್ಷರದ ಗಾತ್ರವೂ ಮುಖ್ಯ: ಇಂಗ್ಲಿಷಿಗೆ ಸಾಕಾಗುವ 16 ಪಿಕ್ಸೆಲ್ ಗಾತ್ರದಲ್ಲಿ ಕನ್ನಡದ ಒತ್ತಕ್ಷರಗಳು ನನಗಂತೂ ಬಿಡಿಬಿಡಿಯಾಗಿ ಕಾಣುವುದಿಲ್ಲ. 18 ಅಥವಾ 19 ಇದ್ದರೆ ಕನ್ನಡಕ ಹುಡುಕಬೇಕಾಗುವುದಿಲ್ಲ.

ಪ್ರಶ್ನಿಸಿದವರಿಂದ ಮತ್ತೆ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಪ್ಲೇಗ್ರೌಂಡ್‌ನಲ್ಲಿ ಕೆಲವನ್ನು ಹಾಕಿ ನೋಡಿದೆವು. ಡೆಮೊದಲ್ಲಿ ನಮಗೆ ಬಹಳ ಹಿಡಿಸಿದ್ದ ಥೀಮ್‌ನಲ್ಲಿ ‘ಸ್ತ್ರೀಪ್ರಜ್ಞೆ’ಯ ಒತ್ತುಗಳು ನಿಜವಾಗಿಯೂ ಅರ್ಧ ಕತ್ತರಿಸಿ ಹೋದವು. ಇನ್ನೂ ಮೂರು ಸಂದೇಹಗಳಿವೆ. ಥೀಮ್ ಜೊತೆಗೆ ಬರುವ ಫಾಂಟ್‌ಗಳಲ್ಲಿ ಕನ್ನಡವೇ ಇಲ್ಲದಿದ್ದರೆ ಏನು ಮಾಡಬೇಕು? ಪುಟದ ಅಡಿಯಲ್ಲಿರುವ ತಯಾರಕರ ಹೆಸರನ್ನು ತೆಗೆಯಬಹುದೇ? ಮುಂದೆ ಥೀಮ್ ಬದಲಿಸಿದರೆ ಹಾಕಿದ ಬರಹಗಳೆಲ್ಲ ಹೋಗುತ್ತವೆಯೇ?

ಉತ್ತರ: ಮೊದಲು ಉತ್ತರಿಸಿದ ವಿನ್ಯಾಸಕರಿಂದ

ಫಾಂಟ್‌ನಲ್ಲಿ ಕನ್ನಡ ಇಲ್ಲದಿದ್ದರೆ ಓದುಗರ ಸಾಧನದಲ್ಲಿರುವ ಕನ್ನಡ ಫಾಂಟೇ ಕಾಣಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ನೋಟೊ, ವಿಂಡೋಸ್‌ನಲ್ಲಿ ನಿರ್ಮಲ ಅಥವಾ ತುಂಗಾ, ಹೀಗೆ. ಓದಲು ಅಡ್ಡಿಯಿಲ್ಲ, ಆದರೆ ಪತ್ರಿಕೆಗೆ ತನ್ನದೇ ಮುಖ ಇರುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಬಂದ ವರ್ಡ್‌ಪ್ರೆಸ್ 6.5ರಿಂದ ಬ್ಲಾಕ್ ಥೀಮ್‌ಗಳಲ್ಲಿ (ತಾಣದ ಎಲ್ಲ ಭಾಗಗಳನ್ನೂ ಬ್ಲಾಕ್‌ಗಳಿಂದಲೇ ಕಟ್ಟಿದ ಥೀಮ್‌ಗಳು) ‘ಫಾಂಟ್ ಲೈಬ್ರರಿ’ ಇದೆ. ಗೂಗಲ್ ಫಾಂಟ್ಸ್‌ನಲ್ಲಿರುವುದನ್ನು ಅಲ್ಲಿಂದಲೇ ನಿಮ್ಮ ಸರ್ವರ್‌ಗೆ ಇಳಿಸಿಕೊಳ್ಳಬಹುದು. ಯುರೋಪಿನಲ್ಲಿಯೂ ಓದುಗರಿರುವ ತಾಣಕ್ಕೆ ಇದರಿಂದ ಇನ್ನೊಂದು ಲಾಭವಿದೆ. ಫಾಂಟನ್ನು ಗೂಗಲ್ ಸರ್ವರ್‌ನಿಂದ ನೇರವಾಗಿ ತರಿಸಿದ್ದರಿಂದ ಓದುಗರ ಐಪಿ ವಿಳಾಸ (ಅಂತರಜಾಲದಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಹೊರಹೋಯಿತೆಂಬ ಕಾರಣಕ್ಕೆ 2022ರಲ್ಲಿ ಜರ್ಮನಿಯ ಮ್ಯೂನಿಕ್ ನ್ಯಾಯಾಲಯವೊಂದು ತಾಣದವರಿಂದ 100 ಯುರೋ ಪರಿಹಾರ ಕೊಡಿಸಿತ್ತು.

ಫಾಂಟ್ ಆರಿಸುವಾಗ ಅದರಲ್ಲಿ ಎಷ್ಟು ತೂಕಗಳಿವೆ, ಅಂದರೆ ತೆಳು, ದಪ್ಪ ರೂಪಗಳಿವೆ ಎಂದು ನೋಡಿ. ‘ಟಿರೊ ಕನ್ನಡ’ ಎಂಬ ಫಾಂಟ್ ಕಥೆ, ಕವಿತೆಗಳಿಗೆ ಬಹಳ ಒಪ್ಪುತ್ತದೆ, ಓರೆ ಅಕ್ಷರವನ್ನೂ ಒಳಗೊಂಡಿದೆ. ಆದರೆ ಅದರಲ್ಲಿ ದಪ್ಪ ಅಕ್ಷರವಿಲ್ಲ. ತಲೆಬರಹವನ್ನು ದಪ್ಪವಾಗಿಯೇ ತೋರಿಸುವ ಥೀಮ್‌ನಲ್ಲಿ ಅದನ್ನು ಹಾಕಿದರೆ ಬ್ರೌಸರ್ ತಾನೇ ಅಕ್ಷರವನ್ನು ಉಬ್ಬಿಸುತ್ತದೆ, ‘ಷ’ ಮತ್ತು ‘ಪ’ಗಳ ಒಳಗಿನ ಸಣ್ಣ ಜಾಗಗಳು ಮಸಿ ಕದಡಿದಂತೆ ಮುಚ್ಚಿಹೋಗುತ್ತವೆ. ತಲೆಬರಹಕ್ಕೆ ಅನೇಕ್ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡದ ದಪ್ಪ ತೂಕ, ಒಳಬರಹಕ್ಕೆ ಟಿರೊ, ಹೀಗೆ ಜೋಡಿಸುವುದು ನನ್ನ ಆಯ್ಕೆ.

ಅಡಿಯ ಹೆಸರಿನ ಬಗ್ಗೆ: ಜಿಪಿಎಲ್ ಪರವಾನಗಿಯ ಥೀಮ್‌ನಲ್ಲಿ ಅದನ್ನು ತೆಗೆಯಲು ಅಡ್ಡಿಯಿಲ್ಲ. ಬ್ಲಾಕ್ ಥೀಮ್ ಆದರೆ ಎಡಿಟರ್‌ನಲ್ಲಿ ಫುಟರ್ ತೆರೆದು ಅಳಿಸಬಹುದು. ಹಳೆಯ ಮಾದರಿಯ ಕೆಲವು ಥೀಮ್‌ಗಳಲ್ಲಿ ಹೆಸರು ತೆಗೆಯುವ ಗುಂಡಿಯನ್ನು ಹಣ ಕೊಟ್ಟು ಕೊಳ್ಳುವ ‘ಪ್ರೊ’ ಆವೃತ್ತಿಗೆ ಮೀಸಲಿಟ್ಟಿರುತ್ತಾರೆ, ಆಗ ಮೂಲ ಥೀಮ್‌ನ ಮೇಲೆ ನಿಲ್ಲುವ, ನಮ್ಮ ತಿದ್ದುಪಡಿಗಳಷ್ಟೇ ಇರುವ ಚೈಲ್ಡ್ ಥೀಮ್ ಮಾಡಿ ತೆಗೆಯಬೇಕು. ಮೂಲ ಥೀಮ್‌ನ ಫೈಲನ್ನೇ ತಿದ್ದಿದರೆ ಮುಂದಿನ ಅಪ್‌ಡೇಟ್‌ನಲ್ಲಿ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ಕ್ರಿಯೇಟಿವ್ ಕಾಮನ್ಸ್‌ನಂಥ ಬೇರೆ ಪರವಾನಗಿಯ ಟೆಂಪ್ಲೇಟ್‌ಗಳಲ್ಲಿ ಮೂಲ ವಿನ್ಯಾಸಕರ ಹೆಸರನ್ನು ಉಳಿಸಲೇಬೇಕಾದ ಷರತ್ತು ಇರಬಹುದು, ಆ ಗೊಂದಲ ಮಾಡಿಕೊಳ್ಳಬೇಡಿ. ನನ್ನನ್ನು ಕೇಳಿದರೆ, ಬಿಟ್ಟಿಯಾಗಿ ಕೊಟ್ಟವರ ಹೆಸರು ಒಂದು ಸಾಲಿನಲ್ಲಿ ಇದ್ದರೆ ಪತ್ರಿಕೆಗೆ ಏನೂ ನಷ್ಟವಿಲ್ಲ.

ಬರಹಗಳು ಎಲ್ಲಿಗೂ ಹೋಗುವುದಿಲ್ಲ, ಅವು ಡೇಟಾಬೇಸ್‌ನಲ್ಲಿರುತ್ತವೆ. ಹೋಗುವುದು ಮೆನುಗಳ ಜಾಗ, ಪಕ್ಕದ ಪಟ್ಟಿಯ ಜೋಡಣೆ, ಬಣ್ಣಗಳು. ಆದರೆ ಥೀಮ್ ತನ್ನದೇ ಶಾರ್ಟ್‌ಕೋಡ್‌ಗಳನ್ನೋ (ಚೌಕಾವರಣದೊಳಗೆ ಬರೆಯುವ ಸಂಕೇತಗಳು) ಪೇಜ್ ಬಿಲ್ಡರನ್ನೋ (ಪುಟ ಕಟ್ಟುವ ಸಾಧನ) ಹೇರಿ, ನೀವು ಅದರಲ್ಲಿಯೇ ಸಂಚಿಕೆಗಳನ್ನು ಕಟ್ಟಿದ್ದರೆ, ಬದಲಿಸಿದ ದಿನ ಬರಹದ ನಡುವೆ ಚೌಕಾವರಣದ ಸಂಕೇತಗಳು ಹಾಗೆಯೇ ಉಳಿದುಬಿಡುತ್ತವೆ. ಹತ್ತು ವರ್ಷದ ಸಂಚಿಕೆಗಳನ್ನು ಇಡಬೇಕಾದ ಪತ್ರಿಕೆ ಸಾದಾ ಬ್ಲಾಕ್‌ಗಳಲ್ಲಿಯೇ ಬರೆಯಬೇಕು.

ಉತ್ತರ: ಸಮುದಾಯ ಗ್ರಂಥಾಲಯವೊಂದರ ತಾಣ ನಡೆಸುವವರಿಂದ, ಧಾರವಾಡ

ಬ್ಲಾಕ್ ಥೀಮ್ ಕುರಿತು ನನ್ನದೊಂದು ಭಿನ್ನಾಭಿಪ್ರಾಯವಿದೆ. 2022ರ ಜನವರಿಯಲ್ಲಿ ಟ್ವೆಂಟಿ ಟ್ವೆಂಟಿ-ಟೂ ಎಂಬ ಥೀಮ್ ಬಂದಾಗಿನಿಂದ ವರ್ಡ್‌ಪ್ರೆಸ್‌ನ ಸ್ವಂತ ಥೀಮ್‌ಗಳೆಲ್ಲ ಬ್ಲಾಕ್ ಮಾದರಿಯವು, ಫಾಂಟ್ ವಿಷಯದಲ್ಲಿ ಅವುಗಳ ಅನುಕೂಲ ನಿಜ. ಆದರೆ ತಾಣದ ಪ್ರತಿ ಮೂಲೆಯನ್ನೂ ಎಡಿಟರ್‌ನಲ್ಲಿ ಬದಲಿಸಲು ಬರುವುದರಿಂದ, ಆಡಳಿತದ ಪಾಸ್‌ವರ್ಡ್ ಇರುವ ಯಾರೇ ಆದರೂ ಒಂದು ಲೇಖನ ತಿದ್ದಲು ಹೋಗಿ ಎಲ್ಲ ಲೇಖನಗಳಿಗೂ ಅಚ್ಚಿನಂತಿರುವ ಟೆಂಪ್ಲೇಟನ್ನೇ ತಿದ್ದಿಬಿಡಬಹುದು. ನಮ್ಮ ಸ್ವಯಂಸೇವಕರಿಂದ ಇದು ನಡೆದೇ ಹೋಯಿತು. ಎಲ್ಲ ಪುಟಗಳ ಮೇಲೂ ಒಂದೇ ಪುಸ್ತಕದ ಹೆಸರು ಬಂದು ಕೂತಿತ್ತು. ಆಮೇಲೆ ಬ್ಲಾಕ್ ಮಾದರಿಯದಲ್ಲದ ಜನರೇಟ್‌ಪ್ರೆಸ್ ಎಂಬ ಥೀಮ್‌ನ ಉಚಿತ ಆವೃತ್ತಿಗೆ ಹೋದೆವು. ಅದು ಹಗುರ, ಸೆಟ್ಟಿಂಗ್‌ಗಳು ಕಡಿಮೆ, ಕೆಡಿಸಲು ಅವಕಾಶವೂ ಕಡಿಮೆ. ಕೇಡೆನ್ಸ್, ಬ್ಲಾಕ್ಸಿ, ಆಸ್ಟ್ರಾಗಳನ್ನು ಬಳಸುವ ಗೆಳೆಯರೂ ಇದ್ದಾರೆ. ಇವುಗಳ ಉಚಿತ ರೂಪವೇ ಪತ್ರಿಕೆಗೆ ಸಾಕಾಗುತ್ತದೆ, ಡ್ಯಾಶ್‌ಬೋರ್ಡ್‌ನಲ್ಲಿ ‘ಪ್ರೊ ಕೊಳ್ಳಿ’ ಎಂಬ ಕರೆಗೆ ಕಿವಿಗೊಡದಿದ್ದರಾಯಿತು. ಬ್ಲಾಕ್ ಥೀಮನ್ನೇ ಆರಿಸುವುದಾದರೆ ಆಡಳಿತದ ಖಾತೆ ಒಬ್ಬರಲ್ಲಿರಲಿ, ಉಳಿದವರಿಗೆ ‘ಸಂಪಾದಕ’ರ ಮಟ್ಟದ ಖಾತೆ ಕೊಡಿ, ಆ ಮಟ್ಟದವರು ಟೆಂಪ್ಲೇಟ್ ಮುಟ್ಟಲಾರರು.

ಎರಡು ಮೂರು ಥೀಮ್‌ಗಳಿಗೆ ಇಳಿದ ಮೇಲೆ ಅವನ್ನು ನಿಮ್ಮ ತಾಣದಲ್ಲಿಯೇ ಒಂದೊಂದಾಗಿ ಹಾಕಿ, ಅದೇ ಕಥೆಯ ಪುಟವನ್ನು ಗೂಗಲ್‌ನ ಪೇಜ್‌ಸ್ಪೀಡ್ ಪರೀಕ್ಷೆಗೆ ಕೊಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಳ್ಳಬೇಕೆಂಬುದು ಅದರ ಮಾನದಂಡ. ಮೊಬೈಲ್ ವಿಭಾಗದ ಫಲಿತಾಂಶವನ್ನೇ ನೋಡಿ, ಡೆಸ್ಕ್‌ಟಾಪ್‌ನಲ್ಲಿ ಬಹುತೇಕ ಎಲ್ಲವೂ ತೇರ್ಗಡೆಯಾಗುತ್ತವೆ. ಆಮೇಲೆ ನಿಮ್ಮ ಬಳಗದಲ್ಲಿ ಅತ್ಯಂತ ಹಳೆಯ ಫೋನ್ ಯಾರಲ್ಲಿದೆಯೋ ಅವರಿಗೆ ಕೊಂಡಿ ಕಳುಹಿಸಿ, ಕಥೆಯನ್ನು ಕೊನೆಯವರೆಗೆ ಓದಲು ಹೇಳಿ.