ಸೆಕೆಂಡ್ ಲೈಫ್: ಗೊಂಬೆ ಮಸುಕಾಗುತ್ತಿವೆ, ನಡೆದರೆ ಹಿಂದಕ್ಕೆ ಎಳೆಯುತ್ತಿದೆ, ಯಾರಾದರೂ ದಾರಿ ಹೇಳಿ

ಪಟ್ಟದಗೊಂಬೆ (ಮಂಡ್ಯ):

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಲೈಫ್ ಅನ್ನುವ ಆನ್‌ಲೈನ್ 3ಡಿ ಲೋಕದ ಒಳಗೆ ಚಿಕ್ಕ ಜಾಗ ಬಾಡಿಗೆಗೆ ತಗೊಂಡು ದಸರಾ ಗೊಂಬೆ ಕೂರಿಸುತ್ತಿದ್ದೇನೆ. 9 ಮೆಟ್ಟಿಲು, ಸುಮಾರು 70 ಗೊಂಬೆ, ಎಲ್ಲಾ ನಾನೇ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ಅಮೆರಿಕದಲ್ಲಿರುವ ಅಕ್ಕ, ಅವಳ ಮಕ್ಕಳು ಪಾಡ್ಯದ ದಿನ ಅಲ್ಲಿಗೇ ಬಂದು ನೋಡುತ್ತಾರೆ ಅಂತ ಮಾತಾಗಿದೆ. ಆದರೆ ಒಂದು ವಾರದಿಂದ ಎಲ್ಲಾ ಕೆಟ್ಟು ಕೂತಿದೆ.

ಗೊಂಬೆಗಳ ಬಣ್ಣ ಚೆನ್ನಾಗಿ ಕಾಣಿಸಿಕೊಂಡು ಎರಡೇ ಸೆಕೆಂಡಿಗೆ ಮಸುಕಾಗುತ್ತದೆ, ಮತ್ತೆ ಸರಿಯಾಗುತ್ತದೆ, ಮತ್ತೆ ಮಸುಕು. ನಾಲ್ಕು ಹೆಜ್ಜೆ ಮುಂದೆ ಹೋದರೆ ಯಾರೋ ಸೆರಗು ಹಿಡಿದು ಎಳೆದ ಹಾಗೆ ಹಿಂದಕ್ಕೆ ಬಂದು ಬೀಳುತ್ತೇನೆ. ನಿನ್ನೆ ಲಾಗಿನ್ ಆದರೆ ನಾನೇ ಬರೀ ಬಿಳಿ ಮೋಡ. ಇವತ್ತು ಬೆಳಿಗ್ಗೆ ಎಣಿಸಿದರೆ 23 ಗೊಂಬೆ ಮಾಯ!

ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್, 4 ಜಿಬಿ ಎನ್‌ವಿಡಿಯಾ ಕಾರ್ಡ್ ಇದೆ. ಮನೆಗೆ 100 ಎಂಬಿಪಿಎಸ್ ಫೈಬರ್, ಫೋನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 94 ತೋರಿಸುತ್ತದೆ. ಆ ಲೋಕದೊಳಗೆ ಹೋಗಲು ಬಳಸುವ ಆ್ಯಪ್, ಅಂದರೆ ವ್ಯೂವರ್, ಫೈರ್‌ಸ್ಟಾರ್ಮ್. ಕ್ಯಾಶ್ ಮೂರು ಸಲ ಕ್ಲಿಯರ್ ಮಾಡಿದೆ, ವ್ಯೂವರ್ ಎರಡು ಸಲ ತೆಗೆದು ಮತ್ತೆ ಹಾಕಿದೆ. ಇನ್ನೇನು ಮಾಡಲಿ?

ಕಬ್ಬಿನಹಾಲು:

ಕ್ಯಾಶ್ ಕ್ಲಿಯರ್ ಮಾಡಿ, ಸರಿ ಹೋಗುತ್ತದೆ.

ಒಂಟಿಕೊಪ್ಪಲ್ (ಮೈಸೂರು):

ಅಯ್ಯೋ ಕಬ್ಬಿನಹಾಲು, ಮೂರು ಸಲ ಮಾಡಿದೆ ಅಂತ ಅವರೇ ಬರೆದಿದ್ದಾರಲ್ಲಪ್ಪ, ಪೂರ್ತಿ ಓದೋ ಮಾರಾಯ.

ಮೇಡಂ, ಮೊದಲು ಆ ಕ್ಯಾಶ್ ತಂಟೆಗೆ ಹೋಗುವುದು ನಿಲ್ಲಿಸಿ. ಒಂದು ಸಲ ನೋಡಿದ ಗೋಡೆ, ಮರ, ಗೊಂಬೆ ಎಲ್ಲವನ್ನೂ ಮತ್ತೆ ಇಳಿಸುವುದು ಬೇಡ ಅಂತ ವ್ಯೂವರ್ ನಿಮ್ಮ ಡಿಸ್ಕ್‌ನಲ್ಲಿ ಎತ್ತಿಟ್ಟುಕೊಂಡಿರುತ್ತದೆ, ಅದೇ ಕ್ಯಾಶ್. ಅದನ್ನು ಅಳಿಸಿದರೆ ಎಲ್ಲವೂ ಮೊದಲಿಂದ ಬರಬೇಕು. ಲೈನ್ ಸರಿ ಇಲ್ಲದವರಿಗೆ ಇದು ಗಾಯದ ಮೇಲೆ ಬರೆ. ಕ್ಯಾಶ್ ಕೆಡುವುದೇ ಇಲ್ಲ ಅಂತಲ್ಲ, ಕೆಡುತ್ತದೆ, ಆದರೆ ಅದು ಕೊನೆಗೆ ನೋಡುವ ವಿಷಯ.

ಮೊದಲು ತೊಂದರೆ ಎಲ್ಲಿದೆ ಅಂತ ಗೊತ್ತಾಗಬೇಕು: ನಿಮ್ಮ ಲ್ಯಾಪ್‌ಟಾಪ್‌ನಲ್ಲಾ, ಮಧ್ಯದ ಲೈನ್‌ನಲ್ಲಾ, ಅವರ ಸರ್ವರ್‌ನಲ್ಲಾ? ಕಂಟ್ರೋಲ್, ಶಿಫ್ಟ್, 1 ಮೂರನ್ನೂ ಒಟ್ಟಿಗೆ ಒತ್ತಿ. ಪಕ್ಕದಲ್ಲಿ ಅಂಕಿಗಳ ಪಟ್ಟಿ ತೆರೆಯುತ್ತದೆ. ಮೇಲಿರುವ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತಿದೆ ಅನ್ನುವ ಲೆಕ್ಕ) ನಿಮ್ಮ ಲ್ಯಾಪ್‌ಟಾಪ್‌ನ ಕಥೆ ಹೇಳುತ್ತದೆ. ಪ್ಯಾಕೆಟ್ ಲಾಸ್ (ದಾರಿಯಲ್ಲಿ ಬಿದ್ದುಹೋಗುವ ಮಾಹಿತಿ, ಶೇಕಡಾ ಲೆಕ್ಕದಲ್ಲಿ) ಮತ್ತು ಪಿಂಗ್ ಸಿಮ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್) ಲೈನ್‌ನ ಕಥೆ. ಕೆಳಗಿನ ಟೈಮ್ ಡೈಲೇಷನ್, ಸಿಮ್ ಎಫ್‌ಪಿಎಸ್ ಎರಡೂ ನೀವು ನಿಂತಿರುವ ಜಾಗದ, ಅಂದರೆ ರೀಜನ್‌ನ, ಸರ್ವರ್ ಕಥೆ. ಡೈಲೇಷನ್ 1ರ ಹತ್ತಿರ, ಸಿಮ್ ಎಫ್‌ಪಿಎಸ್ 45ರ ಹತ್ತಿರ ಇದ್ದರೆ ರೀಜನ್ ಆರೋಗ್ಯವಾಗಿದೆ ಅಂತ ಅರ್ಥ.

ಪಿಂಗ್ 250–300 ಇದ್ದರೆ ಗಾಬರಿಯಾಗಬೇಡಿ. ಸೆಕೆಂಡ್ ಲೈಫ್ ಶುರುವಾಗಿದ್ದು 2003ರಲ್ಲಿ, 2020ರ ಕೊನೆಯ ಹೊತ್ತಿಗೆ ರೀಜನ್‌ಗಳನ್ನೆಲ್ಲ ಅಮೆಜಾನ್ ಕ್ಲೌಡ್‌ಗೆ ಸಾಗಿಸಿದರು, ಆದರೂ ಅದು ಇರುವುದು ಅಮೆರಿಕದಲ್ಲೇ. ಅಲ್ಲಿಗೆ ಹೋಗಿ ಬರುವಷ್ಟು ಹೊತ್ತು ಹಿಡಿದೇ ಹಿಡಿಯುತ್ತದೆ. 1 ಜಿಬಿಪಿಎಸ್ ಲೈನ್ ಹಾಕಿಸಿದರೂ ಅಮೆರಿಕ ಹತ್ತಿರ ಬರುವುದಿಲ್ಲ. ನೋಡಬೇಕಾದ್ದು ಪ್ಯಾಕೆಟ್ ಲಾಸ್. ಅದು 0 ಇರಬೇಕು.

ಹಾಗೇ ಹೆಲ್ಪ್ ಮೆನುವಿನಲ್ಲಿ ಅಬೌಟ್ ತೆರೆದು ಗ್ರಾಫಿಕ್ಸ್ ಕಾರ್ಡ್ ಅಂತ ಇರುವ ಕಡೆ ಯಾವ ಹೆಸರಿದೆ ಅಂತ ಬರೆಯಿರಿ.

ಪಟ್ಟದಗೊಂಬೆ:

ಎಫ್‌ಪಿಎಸ್ 9. ಪಿಂಗ್ ಒಮ್ಮೆ 290, ಒಮ್ಮೆ 900, ಕುಣಿಯುತ್ತಲೇ ಇದೆ. ಪ್ಯಾಕೆಟ್ ಲಾಸ್ 4ರಿಂದ 7. ಡೈಲೇಷನ್ 0.99, ಸಿಮ್ ಎಫ್‌ಪಿಎಸ್ 45. ಅಬೌಟ್‌ನಲ್ಲಿ ಇಂಟೆಲ್ ಅಂತಿದೆ. ಎನ್‌ವಿಡಿಯಾ ಹೆಸರೇ ಇಲ್ಲ!

ಸ್ಪೀಡ್ 94 ಇರುವಾಗ ಲಾಸ್ ಯಾಕೆ ಸರ್?

ಒಂಟಿಕೊಪ್ಪಲ್:

ಹಾಗಾದರೆ ರೀಜನ್ ತಪ್ಪಿಲ್ಲ. ಲೈನ್ ಒಂದು, ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಇನ್ನೊಂದು, ಎರಡೂ ನಿಮ್ಮ ಕಡೆಯ ತೊಂದರೆ, ಮತ್ತೆ ಎರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ. ಇದೇ ನೋಡಿ ತಲೆ ಕೆಡಿಸುವುದು, ಒಂದನ್ನು ಸರಿ ಮಾಡಿದರೂ ಇನ್ನೊಂದು ಹಾಗೇ ಇರುವುದರಿಂದ ಏನೂ ಸರಿ ಹೋಗಲಿಲ್ಲ ಅಂತ ಅನಿಸುತ್ತದೆ.

ಲೈನ್ ವಿಷಯ ಮೊದಲು. ನಿಮ್ಮದು ಮಂಡ್ಯ ಅಲ್ವಾ, ವಿ.ಸಿ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿದ್ದರೂ ನಿಮ್ಮ ಗದ್ದೆ ಪಕ್ಕದ ಕಾಲುವೆ ಒಡೆದಿದ್ದರೆ ಪೈರಿಗೆ ನೀರು ಸೇರುವುದಿಲ್ಲ. ಸ್ಪೀಡ್ ಟೆಸ್ಟ್ ಅಳೆಯುವುದು ನಾಲೆಯ ಅಗಲ ಮಾತ್ರ. ಗೊಂಬೆ, ಬಟ್ಟೆ, ಚಿತ್ರ ಇಳಿಯುವುದು ಸಾಮಾನ್ಯ ವೆಬ್‌ಸೈಟ್ ಇಳಿದ ಹಾಗೆ. ದಾರಿಯಲ್ಲಿ ತುಂಡು ಬಿದ್ದುಹೋದರೆ ಮತ್ತೆ ಕೇಳಿ ತರಿಸಿಕೊಳ್ಳುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ನೀವು ನಡೆಯುವುದು, ತಿರುಗುವುದು ಹೋಗುವುದು ಯುಡಿಪಿ ಅನ್ನುವ ಬೇರೆ ದಾರಿಯಲ್ಲಿ. ಅಲ್ಲಿ ಬಿದ್ದುಹೋದದ್ದು ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ನೀವು ಮುಂದೆ ಹೋದದ್ದು ಸರ್ವರ್‌ಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಅದು "ನೀನು ಇಲ್ಲಿ ಇದ್ದೆಯಲ್ಲ" ಅಂತ ಹಳೇ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಸೆರಗು ಎಳೆಯುವುದು ಅದೇ.

ಈಗ ಬಿರುಕು ಎಲ್ಲಿದೆ ಅಂತ ಹುಡುಕಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಅಂತ ಬರೆದು ನಿಮ್ಮ ರೂಟರ್ ವಿಳಾಸ ಕೊಡಿ, ತುಂಬಾ ಮನೆಗಳಲ್ಲಿ 192.168.1.1 ಇರುತ್ತದೆ, ಕೊನೆಗೆ ಮೈನಸ್ ಟಿ ಸೇರಿಸಿ. ಐದು ನಿಮಿಷ ಓಡಲಿ. ರೂಟರ್ ಪಕ್ಕದ ರೂಮಿನಲ್ಲೇ ಇರುವುದರಿಂದ ಉತ್ತರ 1, 2, 3 ಮಿಲಿಸೆಕೆಂಡಿನಲ್ಲಿ ಬರಬೇಕು. ಅಲ್ಲೇ ಎಡವಿದರೆ ಕೇಬಲ್ ಹುಡುಗನಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ.

ನಾನು ಈ ಪಾಠ ಕಲಿತದ್ದು ಮರ್ಯಾದೆ ಕಳೆದುಕೊಂಡು. ಪ್ರಿಫರೆನ್ಸಸ್‌ನಲ್ಲಿ ಮ್ಯಾಕ್ಸಿಮಮ್ ಬ್ಯಾಂಡ್‌ವಿಡ್ತ್ ಅಂತ ಒಂದು ಸ್ಲೈಡರ್ ಇದೆಯಲ್ಲ, ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ಪೂರ್ತಿ ಬಲಕ್ಕೆ ಎಳೆದಿದ್ದೆ. ಅದು ಆ ಯುಡಿಪಿ ದಾರಿಗೆ ಮಾತ್ರ ಸಂಬಂಧಪಟ್ಟದ್ದು ಅಂತ ಗೊತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟ ಬಿಟ್ಟು ಬಂದ ಕೇಬಲ್ ಹುಡುಗ ಕಂಬ ಹತ್ತಿ ಇಳಿದು, ಫೈಬರ್ ತುದಿ ಒರೆಸಿ, "ಲೈನ್ ಚೆನ್ನಾಗೇ ಇದೆಯಲ್ಲ ಸಾರ್" ಅಂದ. ಅವನು ಹೋದ ಮೇಲೆ ಸ್ಲೈಡರ್ 1500ಕ್ಕೆ ಇಳಿಸಿದೆ, ಸರಿ ಹೋಯಿತು. ನೀವೂ 1500 ದಾಟಿಸಬೇಡಿ.

ಪಟ್ಟದಗೊಂಬೆ:

ಪಿಂಗ್ ನೋಡಿದೆ. 2, 2, 3, 184, ಆಮೇಲೆ ರಿಕ್ವೆಸ್ಟ್ ಟೈಮ್ಡ್ ಔಟ್, ಮತ್ತೆ 2, 411. ಹೀಗೇ ಬರುತ್ತಿದೆ. ರೂಟರ್ ಹಾಲ್‌ನ ಷೋಕೇಸ್‌ನಲ್ಲಿ ಟಿವಿ ಹಿಂದೆ ಇದೆ. ನನ್ನ ರೂಮಿಗೂ ಅದಕ್ಕೂ ಮಧ್ಯ ಒಂದು ಗೋಡೆ, ಅದಕ್ಕೆ ಒರಗಿಸಿ ಅಮ್ಮನ ಕಬ್ಬಿಣದ ಬೀರು. ಹೋದ ವಾರವಷ್ಟೇ ಅದನ್ನು ಆ ಕಡೆಗೆ ಸರಿಸಿದ್ದು!

ಒಂಟಿಕೊಪ್ಪಲ್:

ಸಿಕ್ಕಿತಲ್ಲ ಕಳ್ಳ. ಬೀರು ಸರಿಸಿ ಅಂದರೆ ಮನೆಯಲ್ಲಿ ಜಗಳ ಆಗುತ್ತದೆ, ಬೇಡ. 10–15 ಮೀಟರ್ ಲ್ಯಾನ್ ಕೇಬಲ್ ತಂದು ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ನೇರ ಚುಚ್ಚಿ. ಎರಡೂ ತುದಿಗೆ ಕನೆಕ್ಟರ್ ಹಾಕಿರುವುದನ್ನೇ ಕೇಳಿ ತಗೊಳ್ಳಿ.

ಗ್ರಾಫಿಕ್ಸ್ ವಿಷಯ. ಇಂಥ ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಇರುತ್ತವೆ. ಬ್ಯಾಟರಿ ಉಳಿಸಲಿ ಅಂತ ವಿಂಡೋಸ್ ತಾನಾಗಿ ಇಂಟೆಲ್‌ಗೆ ಕೆಲಸ ಕೊಡುತ್ತದೆ, ಎನ್‌ವಿಡಿಯಾ ಸುಮ್ನೆ ಕೂತಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಂ, ಡಿಸ್ಪ್ಲೇ, ಗ್ರಾಫಿಕ್ಸ್ ಒಳಗೆ ಹೋಗಿ ಫೈರ್‌ಸ್ಟಾರ್ಮ್ ಅನ್ನು ಪಟ್ಟಿಗೆ ಸೇರಿಸಿ ಹೈ ಪರ್ಫಾರ್ಮೆನ್ಸ್ ಆರಿಸಿ. ವ್ಯೂವರ್ ಮುಚ್ಚಿ ತೆರೆದು ಮತ್ತೆ ಅಬೌಟ್ ನೋಡಿ. ಚಾರ್ಜರ್ ಹಾಕಿಕೊಂಡೇ ಆಡಿ.

ಈಗ ಮಸುಕು. ಇದು ಕಾರ್ಡ್ ಒಂದರಿಂದಲೇ ಅಲ್ಲ, ನಿಮ್ಮ ಗೊಂಬೆಗಳದ್ದೂ ತಪ್ಪಿದೆ, ಬೇಜಾರು ಮಾಡಿಕೊಳ್ಳಬೇಡಿ. ಒಂದೊಂದು ಗೊಂಬೆಗೆ ಎಷ್ಟು ಟೆಕ್ಸ್ಚರ್ (ಮೇಲೆ ಹೊದಿಸುವ ಚಿತ್ರ), ಯಾವ ಅಳತೆ?

ಪಟ್ಟದಗೊಂಬೆ:

ಮುಖಕ್ಕೊಂದು, ಮೈಗೊಂದು, ಸೀರೆಗೊಂದು. ಎಲ್ಲಾ 1024. ಆದರೆ ಫೈಲ್ ತುಂಬಾ ಚಿಕ್ಕದು ಸರ್, ಒಂದೊಂದು 200 ಕೆಬಿ ಇಲ್ಲ.

ಒಂಟಿಕೊಪ್ಪಲ್:

ಎಲ್ಲರೂ ಜಾರಿ ಬೀಳುವ ಜಾಗ ಇದು. ಡಿಸ್ಕ್‌ನಲ್ಲಿ ಮಡಚಿಟ್ಟ ಸೀರೆ ಅಂಗೈಯಗಲ ಇರಬಹುದು, ಉಡಲು ಬಿಚ್ಚಿದರೆ ಅದೇ ಆರು ಗಜ. ಗ್ರಾಫಿಕ್ಸ್ ಕಾರ್ಡ್ ಚಿತ್ರವನ್ನು ಬಿಚ್ಚಿಯೇ ಇಟ್ಟುಕೊಳ್ಳಬೇಕು. 1024 ಅಡ್ಡ, 1024 ಉದ್ದ, ಒಂದೊಂದು ಚುಕ್ಕೆಗೆ 4 ಬೈಟ್. ಅಲ್ಲಿಗೆ ಒಂದು ಚಿತ್ರಕ್ಕೆ 4 ಎಂಬಿ. 70 ಗೊಂಬೆಗೆ ಮೂರರಂತೆ 210 ಚಿತ್ರ, 840 ಎಂಬಿ. ಉಬ್ಬುತಗ್ಗು ತೋರಿಸುವ ನಾರ್ಮಲ್ ಮ್ಯಾಪ್ ಚಿತ್ರ ಬೇರೆ ಹಾಕಿದ್ದರೆ ದುಪ್ಪಟ್ಟು. ಮೆಟ್ಟಿಲು, ಮಂಟಪ, ಅಕ್ಕಪಕ್ಕದವರ ಮನೆ, ನಿಂತವರ ಒಡವೆ ವಸ್ತ್ರ ಇದರ ಮೇಲೆ. ಕಾರ್ಡ್‌ನಲ್ಲಿ ಜಾಗ ಮುಗಿದಾಗ ವ್ಯೂವರ್ ಒಂದನ್ನು ಚಿಕ್ಕದು ಮಾಡಿ ಇನ್ನೊಂದಕ್ಕೆ ಜಾಗ ಮಾಡಿಕೊಡುತ್ತದೆ, ಅದನ್ನು ನೋಡಿದ ಕೂಡಲೇ ಮತ್ತೆ ಮೊದಲಿನದ್ದಕ್ಕೆ. ಚೂಪು, ಮಸುಕು, ಚೂಪು, ಮಸುಕು.

512ಕ್ಕೆ ಇಳಿಸಿದರೆ ಕಾಲು ಭಾಗ, 1 ಎಂಬಿ. ಗೇಣುದ್ದದ ಗೊಂಬೆಯ ಮುಖಕ್ಕೆ 256 ಸಾಕು. ನನ್ನನ್ನು ಕೇಳಿದರೆ ನಾಲ್ಕು ಗೊಂಬೆಯ ಮುಖ, ಮೈ, ಸೀರೆ ಎಲ್ಲಾ ಒಂದೇ 1024 ಹಾಳೆಯಲ್ಲಿ ಜೋಡಿಸಿ. 18 ಹಾಳೆಯಲ್ಲಿ 70 ಗೊಂಬೆ ಮುಗಿಯುತ್ತವೆ. ಪಟ್ಟದ ಗೊಂಬೆ ಎರಡಕ್ಕೆ ಮಾತ್ರ ಬೇಕಾದರೆ ದೊಡ್ಡ ಚಿತ್ರ ಇಟ್ಟುಕೊಳ್ಳಿ, ಎಲ್ಲರೂ ಹತ್ತಿರ ಹೋಗಿ ನೋಡುವುದು ಅದನ್ನೇ ಅಲ್ವಾ. ಒಂದು ಅಪ್‌ಲೋಡ್‌ಗೆ 10 ಲಿಂಡನ್ ಡಾಲರ್ ಹೋಗುತ್ತದೆ, ಅದಕ್ಕೇ ಮೊದಲು ಲೋಕಲ್ ಟೆಕ್ಸ್ಚರ್ ಆಗಿ ಹಾಕಿ ನೋಡಿ. ಅದಕ್ಕೆ ಕಾಸಿಲ್ಲ, ನಿಮ್ಮ ಪರದೆ ಮೇಲೆ ಮಾತ್ರ ಕಾಣುತ್ತದೆ.

ಅಷ್ಟರವರೆಗೆ ಡ್ರಾ ಡಿಸ್ಟೆನ್ಸ್ (ಎಷ್ಟು ದೂರದವರೆಗೆ ಕಾಣಬೇಕು ಅನ್ನುವುದು) 64 ಮೀಟರ್‌ಗೆ ಇಳಿಸಿ, ನೆರಳು ಆಫ್ ಮಾಡಿ.

ಮೋಡದ ವಿಷಯ: ನಿಮ್ಮ ರೂಪವನ್ನು ಹೊಲಿದು ಕಳಿಸುವುದು 2013ರಿಂದ ಅವರ ಸರ್ವರ್. ಲೈನ್ ಹೀಗಿರುವಾಗ ಅದು ತಲುಪದೇ ಇದ್ದದ್ದು ಆಶ್ಚರ್ಯ ಅಲ್ಲ. ಕಂಟ್ರೋಲ್, ಆಲ್ಟ್, ಆರ್ ಒತ್ತಿ ಅರ್ಧ ನಿಮಿಷ ಕಾಯಿರಿ. ಆಗದಿದ್ದರೆ ಆಕಾರ, ಚರ್ಮ, ಕೂದಲಿನ ಬೇಸ್, ಕಣ್ಣು ನಾಲ್ಕೂ ಹಾಕಿಕೊಂಡಿದ್ದೀರಾ ನೋಡಿ. ಒಂದು ಇಲ್ಲದಿದ್ದರೂ ಮೋಡವೇ.

ಕಬ್ಬಿನಹಾಲು:

ಮಾಯವಾದ 23 ಗೊಂಬೆ ಮರೆತೇ ಬಿಟ್ಟಿರಲ್ಲ ಗುರುಗಳೇ. ಇನ್ವೆಂಟರಿ (ಅಲ್ಲಿ ನಮ್ಮ ಸಾಮಾನೆಲ್ಲ ಇರುವ ಪೆಟ್ಟಿಗೆ) ಪೂರ್ತಿ ಇಳಿದಿಲ್ಲ ಅನಿಸುತ್ತದೆ. ನನಗೂ ಹಾಗೆ ಆಗಿತ್ತು, ಪೂಕಿ ಅನ್ನುವ ಖಾಲಿ ರೀಜನ್‌ಗೆ ಲಾಗಿನ್ ಆಗಿ, ಇನ್ವೆಂಟರಿ ತೆರೆದು ಹುಡುಕುವ ಕಡೆ ಏನೋ ಒಂದು ಅಕ್ಷರ ಒತ್ತಿ ಸುಮ್ನೆ ಕೂತೆ, ಎಣಿಕೆ ಏರುತ್ತಾ ಹೋಗಿ ಎಲ್ಲಾ ಬಂತು.

ಒಂಟಿಕೊಪ್ಪಲ್:

ಒಳ್ಳೇ ಉಪಾಯ, ಆದರೆ ಅವರ ಗೊಂಬೆ ಮಾಯವಾದದ್ದು ಮೆಟ್ಟಿಲ ಮೇಲಿಂದ, ಇನ್ವೆಂಟರಿಯಿಂದಲ್ಲ. ಮೇಡಂ, ಆ 23ನ್ನು ಇಟ್ಟ ದಿನ ತಲೆ ಮೇಲೆ ಯಾವ ಗ್ರೂಪ್ ಟ್ಯಾಗ್ (ಯಾವ ಗುಂಪಿನವರು ಅಂತ ತೋರಿಸುವ ಹೆಸರು) ಇತ್ತು?

ಪಟ್ಟದಗೊಂಬೆ:

ಅಯ್ಯೋ. ಒಂದು ಅಂಗಡಿಯಲ್ಲಿ ಗ್ರೂಪ್ ಸೇರಿದವರಿಗೆ ಪುಕ್ಕಟೆ ಬಳೆ ಕೊಡುತ್ತಿದ್ದರು. ಅವರ ಟ್ಯಾಗ್ ಹಾಕಿಕೊಂಡಿದ್ದೆ, ಬದಲಾಯಿಸಲು ಮರೆತೆ.

ಒಂಟಿಕೊಪ್ಪಲ್:

ಬಳೆ ದುಬಾರಿಯಾಯಿತು ಬಿಡಿ. ಬಾಡಿಗೆ ಜಾಗದಲ್ಲಿ ಆಟೋ ರಿಟರ್ನ್ ಇರುತ್ತದೆ. ಆ ಜಾಗದ ಗ್ರೂಪ್‌ಗೆ ಸೇರದ ಸಾಮಾನನ್ನು ಇಷ್ಟು ನಿಮಿಷ ಅಂತ ನೋಡಿ ವಾಪಸ್ ಕಳಿಸುತ್ತದೆ. ಇನ್ವೆಂಟರಿಯಲ್ಲಿ ಲಾಸ್ಟ್ ಆ್ಯಂಡ್ ಫೌಂಡ್ ಫೋಲ್ಡರ್ ತೆರೆಯಿರಿ. 23 ಬೇರೆ ಬೇರೆಯಾಗಿ ಕಾಣದಿದ್ದರೆ ಹೆದರಬೇಡಿ, ಕೆಲವು ಸಲ ಎಲ್ಲಾ ಸೇರಿ ಒಂದೇ ಗಂಟಾಗಿ ಬಂದಿರುತ್ತವೆ. ಸರಿಯಾದ ಟ್ಯಾಗ್ ಹಾಕಿಕೊಂಡ ಮೇಲೆಯೇ ಗಂಟು ಬಿಚ್ಚಿ!

ಪಟ್ಟದಗೊಂಬೆ (ಮೂರು ದಿನ ಬಿಟ್ಟು):

ಸರ್, ಕೇಬಲ್ ಎಳೆದೆ. ಬಾಗಿಲ ಸಂದಿಯಲ್ಲಿ ತಂದಿದ್ದಕ್ಕೆ ಅಮ್ಮ ಎರಡು ಸಲ ಎಡವಿ ಮೂರು ಸಲ ಬೈದರು, ಈಗ ಕಿಟಕಿ ಮೇಲಿಂದ ತಂದಿದ್ದೇನೆ. ಲಾಸ್ 0. ಪಿಂಗ್ 280ರ ಆಸುಪಾಸು ನಿಂತಿದೆ. ಎನ್‌ವಿಡಿಯಾ ಎದ್ದಿದೆ, ಎಫ್‌ಪಿಎಸ್ 41. ಮೋಡ ಕರಗಿತು. ಗೊಂಬೆಗಳು ಒಂದೇ ಗಂಟಿನಲ್ಲಿ ಸಿಕ್ಕವು. ಹಾಳೆ ಜೋಡಿಸುವುದು ಅರ್ಧ ಆಗಿದೆ.

ಒಂದೇ ಉಳಿದಿದೆ. ದೂರ ನಿಂತರೆ ಶೆಟ್ಟಿ ಗೊಂಬೆಯ ಹೊಟ್ಟೆ ಕುಸಿದು ತ್ರಿಕೋನ ಆಗುತ್ತದೆ.

ಒಂಟಿಕೊಪ್ಪಲ್:

ಅದು ಎಲ್‌ಒಡಿ, ದೂರ ಹೋದಷ್ಟೂ ಸರಳ ಆಕಾರ ತೋರಿಸುವುದು. ಮೆಶ್ (ಗೊಂಬೆಯ 3ಡಿ ಆಕಾರ) ಅಪ್‌ಲೋಡ್ ಮಾಡುವಾಗ ದೂರದ ನೋಟಕ್ಕೆ ಅಂತ ಲೋ, ಲೋಯೆಸ್ಟ್ ಎರಡು ಇರುತ್ತವೆ, ಅವನ್ನು ವ್ಯೂವರ್‌ಗೇ ಬಿಟ್ಟರೆ ಹೊಟ್ಟೆಯನ್ನೇ ಮೊದಲು ಕತ್ತರಿಸುತ್ತದೆ. ಬ್ಲೆಂಡರ್‌ನಲ್ಲಿ ನೀವೇ ಒಂದು ಸರಳ ಶೆಟ್ಟಿ ಮಾಡಿ ಅಲ್ಲಿ ಕೊಡಿ. ನಿಮ್ಮ ವ್ಯೂವರ್‌ನಲ್ಲಿ ಆಬ್ಜೆಕ್ಟ್ ಡೀಟೇಲ್ ಏರಿಸಿದರೆ ನಿಮಗೆ ಮಾತ್ರ ಸರಿ ಕಾಣುತ್ತದೆ, ಅಕ್ಕನಿಗೆ ತ್ರಿಕೋನವೇ.

ಮತ್ತೆ ಸಂಜೆ 7ಕ್ಕೆ ಕರೆಯುತ್ತೀರಾದರೆ ಸೆಕೆಂಡ್ ಲೈಫ್ ಗಡಿಯಾರದಲ್ಲಿ ಬೆಳಿಗ್ಗೆ 6:30. ಮಂಗಳವಾರ, ಬುಧವಾರ ರೀಜನ್‌ಗಳನ್ನು ಸರದಿಯಲ್ಲಿ ರೀಸ್ಟಾರ್ಟ್ ಮಾಡುತ್ತಾರೆ, ಆರತಿ ಹೊತ್ತಿಗೆ ಎಲ್ಲರನ್ನೂ ಹೊರಗೆ ಹಾಕಿಬಿಟ್ಟೀತು. ಪಾಡ್ಯ ಯಾವ ವಾರ ನೋಡಿಕೊಳ್ಳಿ.

ಪಟ್ಟದಗೊಂಬೆ:

ಕ್ಯಾಲೆಂಡರ್ ನೋಡಿದೆ, ಮಂಗಳವಾರವೂ ಅಲ್ಲ, ಬುಧವಾರವೂ ಅಲ್ಲ. ಇಬ್ಬರೂ ಬರಬೇಕು.

ಕಬ್ಬಿನಹಾಲು:

ಬರುತ್ತೇವೆ. ಚರುಪು ಏನು ಕೊಡುತ್ತೀರಿ?

ಪಟ್ಟದಗೊಂಬೆ:

ಕೊಬ್ಬರಿ ಮಿಠಾಯಿ. ಟೆಕ್ಸ್ಚರ್ 256.