ಲಿನಕ್ಸ್ ಹಾಕಿದ ಮೇಲೆ ರೂಟರ್ ಪಕ್ಕ ಕೂತ್ರೆ ಮಾತ್ರ ವೈಫೈ ಸಿಗ್ತಿದೆ (ಪರಿಹಾರ ಆಯ್ತು)

ವಿದ್ಯಾನಗರ_ಹೊಸಬ (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ನಂದು ಹಳೇ ಲ್ಯಾಪ್‌ಟಾಪ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತು, 11 ಇದಕ್ಕೆ ಹತ್ತಲ್ಲ. ಗುಜರಿಗೆ ಹಾಕೋಕೆ ಮನಸ್ಸು ಬರದೆ ಲಿನಕ್ಸ್ ಮಿಂಟ್ 22 ಹಾಕಿದೆ. ವೈಫೈ ಒಂದು ಬಿಟ್ಟು ಎಲ್ಲಾ ಚೆನ್ನಾಗಿ ನಡೀತಿದೆ. ರೂಟರ್ ಹಾಲ್‌ನಲ್ಲಿದೆ. ಅದರ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತ್ರೆ ನೆಟ್ ಬರುತ್ತೆ, ರೂಮಿಗೆ ಬಂದ್ರೆ ನಮ್ಮ ವೈಫೈ ಹೆಸರೇ ಕಾಣಲ್ಲ. ಅದೇ ರೂಮಲ್ಲಿ ಫೋನಿಗೆ ಫುಲ್ ಸಿಗ್ನಲ್. ವಿಂಡೋಸ್ ಇದ್ದಾಗ ಲ್ಯಾಪ್‌ಟಾಪಿಗೂ ಬರ್ತಿತ್ತು. ಡ್ರೈವರ್ ಮ್ಯಾನೇಜರ್ ತೆಗೆದು ನೋಡಿದೆ, ಹಾಕೋಕೆ ಏನೂ ಇಲ್ಲ ಅಂತಿದೆ. ವೈಫೈ ನಡೆಸೋ ಡ್ರೈವರ್ ಸಾಫ್ಟ್‌ವೇರ್ ಎಲ್ಲಿ ಸಿಗುತ್ತೆ?

ಮಂಡಕ್ಕಿಮಿರ್ಚಿ:
ತಲೆ ಕೆಡಿಸ್ಕೊಬೇಡಿ ಗುರು, ಒಂದು ಯುಎಸ್‌ಬಿ ಡಾಂಗಲ್ (ಹೊರಗಿಂದ ಸಿಗಿಸೋ ವೈಫೈ ಕಡ್ಡಿ) ತಗೊಳ್ಳಿ. ಇಲ್ಲಾಂದ್ರೆ ಗಿಟ್‌ಹಬ್ ಸೈಟಲ್ಲಿ ಡ್ರೈವರಿನ ಕೋಡ್ ಸಿಗುತ್ತೆ, ಡೌನ್‌ಲೋಡ್ ಮಾಡಿ ಕಂಪೈಲ್ ಮಾಡಿ (ಅಂದ್ರೆ ಕೋಡನ್ನ ಓಡೋ ಪ್ರೋಗ್ರಾಂ ಮಾಡ್ಕೊಳ್ಳಿ).

ದುರ್ಗದವನು (ಚಿತ್ರದುರ್ಗ):
ತಡೀರಿ, ದುಡ್ಡು ಖರ್ಚು ಮಾಡೋಕೆ ಮೊದಲು ಒಳಗೆ ಯಾವ ಚಿಪ್ ಐತೆ ನೋಡೋಣ. ಟರ್ಮಿನಲ್ (ಕಮಾಂಡ್ ಹೊಡೆಯೋ ಕಿಟಕಿ) ತೆಗೆದು ಎಲ್‌ಎಸ್‌ಪಿಸಿಐ ಅಂತ ಹೊಡೆದು, ಒಂದು ಸ್ಪೇಸ್ ಬಿಟ್ಟು, ಡ್ಯಾಶ್ ಹಾಕಿ ಎನ್‌ಎನ್‌ಕೆ ಅಂತ ಸೇರಿಸಿ. ಇಂಗ್ಲಿಷಿನ ಸಣ್ಣಕ್ಷರದಲ್ಲೇ ಹೊಡೀಬೇಕು. ನೆಟ್‌ವರ್ಕ್ ಕಂಟ್ರೋಲರ್ ಅನ್ನೋ ಸಾಲು, ಅದರ ಕೆಳಗಿನ ಎರಡು ಮೂರು ಸಾಲು ಇಲ್ಲಿ ಹಾಕಿ.

ವಿದ್ಯಾನಗರ_ಹೊಸಬ:
ರಿಯಲ್‌ಟೆಕ್ ಆರ್‌ಟಿಎಲ್8723ಬಿಇ ಅಂತ ಬಂತು. ಕೊನೇಲಿ 'ಕರ್ನಲ್ ಡ್ರೈವರ್ ಇನ್ ಯೂಸ್' ಅಂತಿದ್ದು, ಅದರ ಮುಂದೆಯೂ ಅದೇ ಹೆಸರು.

ದುರ್ಗದವನು:
ಹಾಗಾದ್ರೆ ನಿಮಗೆ ಡ್ರೈವರ್ ಬೇಕಾಗಿಲ್ಲ, ಕರ್ನಲ್ (ಲಿನಕ್ಸಿನ ತಿರುಳು) ಜೊತೆಗೇ ಬಂದು ಕೂತೈತೆ. ಇಲ್ಲದಿದ್ರೆ ರೂಟರ್ ಪಕ್ಕದಲ್ಲೂ ನೆಟ್ ಬರ್ತಿರಲಿಲ್ಲ. ನಿಮ್ಮ ತೊಂದರೆ ಆಂಟೆನಾದ್ದು.

ಈ ಕಾರ್ಡಿಗೆ ಆಂಟೆನಾ ವೈರ್ ಸಿಗಿಸೋಕೆ ಎರಡು ಜಾಗ ಇರುತ್ತೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ವೈರ್ ಹಾಕಿ ಕೈತೊಳ್ಕೊಂಡಿರ್ತಾರೆ. ಯಾವ ಕಡೆ ಹಾಕಿದಾರೆ ಅನ್ನೋ ಮಾಹಿತಿ ಕಾರ್ಡಿನೊಳಗೆ ಬರೆದಿರಬೇಕು. ಅದು ತಪ್ಪಿದ್ರೆ ಲಿನಕ್ಸ್ ಡ್ರೈವರ್ ವೈರೇ ಇಲ್ಲದ ಕಡೆ ಕಿವಿಗೊಟ್ಟು ಕೂರುತ್ತೆ. ಆಗ ನಡುವೆ ಒಂದು ಇಟ್ಟಿಗೆ ಗೋಡೆ ಇದ್ರೂ ನಮ್ಮ ಏಳುಸುತ್ತಿನ ಕೋಟೆ ದಾಟಿದಷ್ಟು ಕಷ್ಟ.

ಯಾವ ಕಡೆ ಕೇಳಬೇಕು ಅಂತ ನಾವೇ ಹೇಳಬಹುದು. ಅದಕ್ಕಿರೋ ಆಯ್ಕೆಯ ಹೆಸರು ಆಂಟ್‌ಸೆಲ್: ಎ, ಎನ್, ಟಿ, ಆಮೇಲೆ ಅಂಡರ್‌ಸ್ಕೋರ್, ಆಮೇಲೆ ಎಸ್, ಇ, ಎಲ್. ರೂಮಲ್ಲೇ ಕೂತು ಮಾಡಿ. ಮೊದಲು 'ಸುಡೊ ಮಾಡ್‌ಪ್ರೋಬ್ -ಆರ್ ಆರ್‌ಟಿಎಲ್8723ಬಿಇ' ಹೊಡೆದು ಓಡ್ತಿರೋ ಡ್ರೈವರನ್ನ ಸದ್ಯಕ್ಕೆ ಹೊರಗೆ ತೆಗೀರಿ. ವೈಫೈ ಪೂರ್ತಿ ಮಾಯ ಆಗುತ್ತೆ, ಗಾಬರಿ ಬೀಳಬೇಡಿ. ಆಮೇಲೆ ಅದೇ ಕಮಾಂಡ್ -ಆರ್ ಇಲ್ಲದೆ, ಕೊನೇಲಿ ಆಂಟ್‌ಸೆಲ್=1 ಸೇರಿಸಿ. ಒಂದು ನಿಮಿಷ ಬಿಟ್ಟು 'ಎನ್‌ಎಂಸಿಎಲ್‌ಐ ಡೆವ್ ವೈಫೈ' ಹೊಡೀರಿ. ಸಿಗ್ನಲ್ ಕಾಲಮ್‌ನಲ್ಲಿ 100ಕ್ಕೆ ಎಷ್ಟು ಅಂತ ಕಾಣುತ್ತೆ. ಏರದಿದ್ರೆ ಡ್ರೈವರನ್ನ ಮತ್ತೆ ಹೊರಗೆ ತೆಗೆದು, 1ರ ಬದಲು 2 ಹಾಕಿ. ಎಡವಟ್ಟಾದ್ರೆ ರೀಸ್ಟಾರ್ಟ್ ಮಾಡಿದ್ರಾಯ್ತು, ಮೊದಲಿನ ಹಾಗೇ ಆಗುತ್ತೆ.

ಮಂಡಕ್ಕಿಮಿರ್ಚಿಯವರೇ, ನೀವು ಹೇಳಿದ ಕಂಪೈಲ್ ದಾರಿ ಹಳೇ ಕರ್ನಲ್‌ಗಳಿಗೆ ಬೇಕಿತ್ತು. ಈಗ ಆ ದಾರಿ ಹಿಡಿದ್ರೆ ಕರ್ನಲ್ ಅಪ್‌ಡೇಟ್ ಆದಾಗೆಲ್ಲ ಮತ್ತೆ ಕಂಪೈಲ್ ಮಾಡ್ತಾ ಕೂರಬೇಕು. ಸೆಕ್ಯೂರ್ ಬೂಟ್ (ಸ್ಟಾರ್ಟ್ ಆಗುವಾಗಿನ ಕಾವಲು) ಆನ್ ಇದ್ರೆ ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನ ಒಳಗೇ ಬಿಡಲ್ಲ. ಡಾಂಗಲ್‌ಗಳದ್ದೂ ಅದೇ ಕಥೆ, ಚಿಪ್ ನೋಡದೆ ತಗೊಂಡ್ರೆ ಒಂದು ತಲೆನೋವಿನ ಜೊತೆ ಇನ್ನೊಂದು.

ಮಂಡಕ್ಕಿಮಿರ್ಚಿ:
ಒಪ್ಪಿದೆ ಅಣ್ಣಾ. ನಾನು ಡಾಂಗಲ್‌ಗೆ 600 ರೂಪಾಯಿ ಕೊಟ್ಟು ಕೂತಿದೀನಿ, ಅದಕ್ಕೆ ಹೇಳಿದ್ದು.

ವಿದ್ಯಾನಗರ_ಹೊಸಬ:
1 ಹಾಕಿದೆ, ಏನೂ ಬದಲಾಗಲಿಲ್ಲ. 2 ಹಾಕಿದ ತಕ್ಷಣ ನಮ್ಮ ವೈಫೈ 78 ತೋರಿಸ್ತು, ಪಕ್ಕದ ಮನೆಯವರ ನಾಲ್ಕು ಹೆಸರೂ ಬಂದ್ವು! ರೂಮಿಂದಲೇ ಬರೀತಿದೀನಿ. ಇದನ್ನ ಪರ್ಮನೆಂಟ್ ಮಾಡೋದು ಹೇಗೆ?

ದುರ್ಗದವನು:
ಇಟಿಸಿ ಫೋಲ್ಡರ್ ಒಳಗೆ 'ಮಾಡ್‌ಪ್ರೋಬ್.ಡಿ' ಅಂತ ಇನ್ನೊಂದು ಫೋಲ್ಡರ್ ಐತೆ. ಅದರಲ್ಲಿ ಹೊಸ ಫೈಲ್ ಮಾಡಿ, ಒಂದೇ ಸಾಲು: 'ಆಪ್ಶನ್ಸ್ ಆರ್‌ಟಿಎಲ್8723ಬಿಇ ಆಂಟ್‌ಸೆಲ್=2'. ಆಪ್ಶನ್ಸ್‌ಗೆ ಕೊನೇಲಿ ಎಸ್ ಇರಲಿ.

ವಿದ್ಯಾನಗರ_ಹೊಸಬ:
ಮಾಡಿದೆ ಅಣ್ಣಾ. ರೀಸ್ಟಾರ್ಟ್ ಆದ್ಮೇಲೆ ಮತ್ತೆ ಸ್ಟೂಲೇ ಗತಿ. ಫೈಲ್ ಹೆಸರು ವೈಫೈ ಅಂತ ಇಟ್ಟೆ, ಒಳಗಿನ ಸಾಲು ಮೂರು ಸಲ ಓದಿದೆ, ಸರಿಯಾಗೇ ಇದೆ.

ದುರ್ಗದವನು:
ತಪ್ಪು ನಂದು, ಹೇಳೋದು ಮರೆತೆ. ಹೆಸರಿನ ಕೊನೆಗೆ ಚುಕ್ಕೆ ಇಟ್ಟು 'ಕಾನ್ಫ್' ಅಂತ ಇರಲೇಬೇಕು, ಇಲ್ಲಾಂದ್ರೆ ಆ ಫೈಲನ್ನ ಮೂಸಿಯೂ ನೋಡಲ್ಲ. ಹೆಸರು ಬದಲಾಯಿಸಿ ರೀಸ್ಟಾರ್ಟ್ ಮಾಡಿ.

ವಿದ್ಯಾನಗರ_ಹೊಸಬ:
ಆಯ್ತು! ಎರಡು ಸಲ ರೀಸ್ಟಾರ್ಟ್ ಮಾಡಿ ನೋಡಿದೆ, ನಿಂತಿದೆ. ದಾವಣಗೆರೆಗೆ ಬಂದಾಗ ಹೇಳಿ ಅಣ್ಣಾ, ಬೆಣ್ಣೆ ದೋಸೆ ನಂದು. ಒಂದು ಡೌಟು: ಹಿಂದಿನ ಮುಚ್ಚಳ ಬಿಚ್ಚಿ ಆ ವೈರನ್ನ ಇನ್ನೊಂದು ಕಡೆ ಸಿಗಿಸಿದ್ರೂ ಸರಿ ಹೋಗ್ತಿತ್ತಾ?

ದುರ್ಗದವನು:
ಹೋಗ್ತಿತ್ತು. ಆದ್ರೆ ಆ ಕನೆಕ್ಟರ್ ಅಕ್ಕಿಕಾಳಿನಷ್ಟು ಇರುತ್ತೆ, ಎಳೆಯೋವಾಗ ವೈರ್ ಕೈಗೆ ಬಂದ್ರೆ ಮುಗೀತು. ಈಗ ನಡೀತೈತಲ್ಲ, ಮುಚ್ಚಳ ಮುಟ್ಟಬೇಡಿ. ದೋಸೆಗೆ ಮುಂದಿನ ತಿಂಗಳು ಬರ್ತೀನಿ.